ವಿಲ್ಮ್‌ಕೋಟ್ ಇಳಿದ ದಿನ

ನಾನು ಮಂಡ್ಯದ ಕಡೆಯವನು. ನನಗೆ ಕಾಲುವೆ ಅಂದರೆ ಗದ್ದೆಗೆ ಬರುವ ನೀರು. ಬರ್ಮಿಂಗ್‌ಹ್ಯಾಮ್‌ಗೆ ಬಂದ ಮೇಲೆಯೇ ಸರಕು ಸಾಗಿಸಲೆಂದು ತೋಡಿದ ಕಾಲುವೆ ನೋಡಿದ್ದು. ಹೋದ ಮೇ ತಿಂಗಳಲ್ಲಿ ನಾನು, ನನ್ನ ಹೆಂಡತಿ, ಒಬ್ಬ ಗೆಳೆಯ ನ್ಯಾರೋಬೋಟ್ ಎಂಬ ಕಿರಿದಾದ ಉದ್ದನೆಯ ಬೋಟು ಬಾಡಿಗೆಗೆ ತೆಗೆದುಕೊಂಡು ವೂಟನ್ ವಾವೆನ್‌ನಿಂದ ಸ್ಟ್ರಾಟ್‌ಫರ್ಡ್‌ಗೆ ಹೊರಟೆವು.

ಬೋಟಿನ ಅಗಲ 6 ಅಡಿ 10 ಇಂಚು, ಉದ್ದ 57 ಅಡಿ. ಹಿಂದೆ ನಿಂತು ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿ, ಹಿಡಿಯಬೇಕು. ಎಡಕ್ಕೆ ತಳ್ಳಿದರೆ ಬೋಟು ಬಲಕ್ಕೆ ತಿರುಗುತ್ತದೆ, ಅದೂ ನಿಧಾನವಾಗಿ. ಮೊದಲ ಅರ್ಧ ಗಂಟೆ ದಡದ ಜೊಂಡಿಗೆ ಎರಡು ಸಲ ಮೂತಿ ತಾಗಿಸಿದೆ. ವೇಗದ ಮಿತಿ ಗಂಟೆಗೆ 4 ಮೈಲಿ. ದಡಕ್ಕೆ ಕಟ್ಟಿದ ಬೋಟು ಕಂಡರೆ ಇನ್ನೂ ನಿಧಾನ ಮಾಡಬೇಕು, ಇಲ್ಲದಿದ್ದರೆ ನೀರಿನ ಎಳೆತಕ್ಕೆ ಅವರ ಗೂಟವೇ ಕಿತ್ತು ಬರಬಹುದು.

ಎಡ್‌ಸ್ಟೋನ್ ಮೇಲ್ಗಾಲುವೆ ಬಂದಾಗ ಮೂವರೂ ಮಾತು ನಿಲ್ಲಿಸಿದೆವು. 475 ಅಡಿ ಉದ್ದದ ಕಬ್ಬಿಣದ ತೊಟ್ಟಿ, ಕೆಳಗೆ ರಸ್ತೆ, ರೈಲು ಹಳಿ. ಕಾಲುದಾರಿ ತೊಟ್ಟಿಯ ತಳದ ಮಟ್ಟದಲ್ಲಿದೆ. ಹಾಗಾಗಿ ನಡೆದು ಹೋಗುತ್ತಿದ್ದವರ ತಲೆ ನಮ್ಮ ಮೊಣಕಾಲಿನ ಹತ್ತಿರ ಕಾಣುತ್ತಿತ್ತು.

ನಿಜವಾದ ಕೆಲಸ ಶುರುವಾಗಿದ್ದು ವಿಲ್ಮ್‌ಕೋಟ್‌ನಲ್ಲಿ. ಅಲ್ಲಿ 11 ಲಾಕ್‌ಗಳನ್ನು ಇಳಿಯಬೇಕು. ಲಾಕ್ ಅಂದರೆ ಎರಡೂ ತುದಿಗೆ ಗೇಟು ಇರುವ ತೊಟ್ಟಿ; ಅದರಲ್ಲಿ ನೀರು ಏರಿಸಿ, ಇಳಿಸಿ ಬೋಟನ್ನು ಮೆಟ್ಟಿಲಿನಂತೆ ಹತ್ತಿಸುತ್ತಾರೆ, ಇಳಿಸುತ್ತಾರೆ. ತುಂಬಿದ ಲಾಕ್‌ಗೆ ಬೋಟು ನುಗ್ಗಿಸಿ, ಮೇಲಿನ ಗೇಟು ಮುಚ್ಚಿ, ವಿಂಡ್ಲಾಸ್ ಎಂಬ ಕಬ್ಬಿಣದ ಹಿಡಿಯಿಂದ ಕೆಳಗಿನ ಪ್ಯಾಡಲ್, ಅಂದರೆ ನೀರು ಬಿಡುವ ತೂಬಿನ ಬಾಗಿಲು, ಎತ್ತಬೇಕು. ನೀರು ಇಳಿದು ಎರಡೂ ಕಡೆ ಸಮ ಆಗುವವರೆಗೆ ಗೇಟು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಸಮ ಆದ ಮೇಲೆ ಗೇಟಿನ ಉದ್ದ ತೊಲೆಗೆ ಬೆನ್ನು ಕೊಟ್ಟು ಒತ್ತಿದರೆ ಸಾಕು.

ಮೂರನೇ ಲಾಕ್‌ನಲ್ಲಿ ತಪ್ಪು ಮಾಡಿದೆ. ಮೇಲಿನ ಗೇಟಿನ ಬುಡದಲ್ಲಿ ಸಿಲ್ ಎಂಬ ಕಟ್ಟೆ ಇರುತ್ತದೆ. ಅದು ಎಲ್ಲಿಯವರೆಗೆ ಇದೆ ಅಂತ ಪಕ್ಕದಲ್ಲಿ ಬಿಳಿ ಗೆರೆ ಎಳೆದಿರುತ್ತಾರೆ. ನಾನು ಹಕ್ಕಿ ನೋಡುತ್ತಾ ಆ ಗೆರೆಗಿಂತ ಹಿಂದಕ್ಕೆ ಸರಿದಿದ್ದೆ. ನೀರು ಇಳಿಯುತ್ತಿದ್ದಂತೆ ಕಾಲಡಿಯಲ್ಲಿ ಕರ್ ಅಂತ ಸದ್ದು, ಬೋಟು ಮುಂದಕ್ಕೆ ವಾಲಿತು. ಹೆಂಡತಿ ಕೂಗಿದಳು. ಗೆಳೆಯ ತಕ್ಷಣ ಪ್ಯಾಡಲ್ ಇಳಿಸಿ, ಓಡಿಹೋಗಿ ಮೇಲಿನದನ್ನು ಸ್ವಲ್ಪ ಎತ್ತಿ ನೀರು ಬಿಟ್ಟ. ಬೋಟು ತೇಲಿತು. ಇನ್ನೂ ನಾಲ್ಕು ಬೆರಳು ಇಳಿದಿದ್ದರೆ ಮೂತಿ ಮುಳುಗುತ್ತಿತ್ತೋ ಏನೋ. ಆಮೇಲೆ ಉಳಿದ ಎಂಟು ಲಾಕ್‌ಗಳಲ್ಲೂ ನನ್ನ ಕಣ್ಣು ಬಿಳಿ ಗೆರೆಯ ಮೇಲೇ ಇತ್ತು.

ಒಂದು ಕಡೆ ಲಾಕ್ ಖಾಲಿ ಇತ್ತು. ತುಂಬಿಸಲು ಹೋದೆ. ಗೆಳೆಯ ತಡೆದ. ಕೆಳಗಿನಿಂದ ಇನ್ನೊಂದು ಬೋಟು ಬರುತ್ತಿತ್ತು. ಅವರು ಹತ್ತುವಾಗ ಲಾಕ್ ತಾನಾಗಿ ತುಂಬುತ್ತದೆ, ಅದೇ ನೀರಲ್ಲಿ ನಾವು ಇಳಿಯಬಹುದು. ಒಂದು ಸಲಕ್ಕೆ ಸುಮಾರು ಒಂದು ಲಕ್ಷ ಲೀಟರ್, ಸುಮ್ನೆ ಯಾಕೆ ಚೆಲ್ಲಬೇಕು ಅಲ್ವಾ? ಕಾದೆವು. ಸರದಿ ಮೇಲೆ ನೀರು ಕಟ್ಟಿದ ಊರಿನವನಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ದಾರಿಯಲ್ಲಿ ಸಿಗುವ ಕಬ್ಬಿಣದ ಸೇತುವೆಗಳಲ್ಲಿ ಒಂದೊಂದರ ಮಧ್ಯದಲ್ಲೂ ಸಣ್ಣ ಸೀಳು ಬಿಟ್ಟಿದ್ದಾರೆ. ಆಗ ಬೋಟನ್ನು ದಡದಿಂದ ಕುದುರೆ ಎಳೆಯುತ್ತಿತ್ತು; ಅದರ ಹಗ್ಗ ಬಿಚ್ಚದೆ ಈ ಸೀಳಿನೊಳಗೆ ಜಾರಿಸುತ್ತಿದ್ದರಂತೆ. 1816ರಲ್ಲಿ ಮುಗಿದ ಕಾಲುವೆ ಇದು. ಆಮೇಲೆ ಹೂಳು ತುಂಬಿ ಹಾಳಾಗಿತ್ತು. ಸ್ವಯಂಸೇವಕರು, ಸೈನಿಕರು, ಜೈಲಿನ ಕೈದಿಗಳು ಕೂಡ ಅಗೆದು 1964ರಲ್ಲಿ ಮತ್ತೆ ತೆರೆದರು. ಅವರನ್ನು ನೆನೆದರೆ ಮನಸ್ಸು ತುಂಬುತ್ತದೆ.

ಸಂಜೆ ಸ್ಟ್ರಾಟ್‌ಫರ್ಡ್‌ನ ನಾಟಕ ಮಂದಿರದ ಪಕ್ಕದ ಬೇಸಿನ್‌ನಲ್ಲಿ, ಅಂದರೆ ಬೋಟು ನಿಲ್ಲಿಸುವ ಅಗಲವಾದ ಕೊಳದಲ್ಲಿ, ಬೋಟು ಕಟ್ಟಿ ಅಪ್ಪನಿಗೆ ಫೋನ್ ಮಾಡಿದೆ. ಎಲ್ಲಾ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು: “ಅಷ್ಟು ನೀರು ಮೇಲಕ್ಕೆ ಎಲ್ಲಿಂದ ಬರ್ತದೆ?”

ಅರ್ಲ್ಸ್‌ವುಡ್‌ನಲ್ಲಿ ಮೂರು ಕೆರೆ ಇವೆ, ಈ ಕಾಲುವೆಗೆ ಅಂತಲೇ 1820ರ ದಶಕದಲ್ಲಿ ಕಟ್ಟಿದ್ದು ಅಂದೆ.

“ಹಂಗಾದ್ರೆ ಮುಂದಿನ ಸಲ ಕೆರೆ ನೋಡ್ಕೊಂಡು ಬಾ” ಅಂದರು.