ಆರು ಪೌಂಡ್ ಜಾಸ್ತಿ ಅಂದವರಿಂದಲೇ ಪೆನ್ಷನ್ ಕ್ರೆಡಿಟ್ ಪಡೆದ ನನ್ನ ಅನುಭವ

2024ರ ಜುಲೈ ಕೊನೆಯಲ್ಲಿ ಬ್ರಿಟನ್ನಿನ ಹಣಕಾಸು ಸಚಿವೆ ರೇಚಲ್ ರೀವ್ಸ್, ಹಿರಿಯರಿಗೆ ಚಳಿಗಾಲದ ಬಿಸಿಯ ಖರ್ಚಿಗೆ ಸರ್ಕಾರ ಕೊಡುವ ವಿಂಟರ್ ಫ್ಯುಯೆಲ್ ಪೇಮೆಂಟ್‌ಗೆ ಕತ್ತರಿ ಹಾಕಿದರು. ಇಲ್ಲಿ ಇಂಗ್ಲೆಂಡಿನ ಲೆಸ್ಟರ್ ಊರಿನ ನಮ್ಮ ಕನ್ನಡದ ಹಿರಿಯರೆಲ್ಲ ಒಂದೆರಡು ದಿನ ಬೈದುಕೊಂಡು ಸುಮ್ಮನಾದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೆನ್ಷನ್ ಕ್ರೆಡಿಟ್‌ನಂಥ ಸಹಾಯ ಪಡೆಯುವವರಿಗೆ ಮಾತ್ರ ಆ ಹಣ, ನನ್ನ ವಯಸ್ಸಿಗೆ 200 ಪೌಂಡ್, ಅಂತ ಆಯ್ತು. ಪೆನ್ಷನ್ ಕ್ರೆಡಿಟ್ ಅಂದರೆ ಆದಾಯ ಕಡಿಮೆ ಇರುವ ಹಿರಿಯರಿಗೆ ಒಂದು ಮಿತಿಯವರೆಗೆ ಸರ್ಕಾರ ತುಂಬಿಕೊಡುವ ಹಣ. ಹಾಗಾದರೆ ನಾನು ಪೆನ್ಷನ್ ಕ್ರೆಡಿಟ್‌ಗೇ ಅರ್ಜಿ ಹಾಕುತ್ತೇನೆ ಅಂದೆ. ನಕ್ಕರು. "ಸ್ವಂತ ಮನೆ ಇದೆ, ಬ್ಯಾಂಕಲ್ಲಿ ದುಡ್ಡಿದೆ, ನಿಮಗೆ ಯಾರು ಕೊಡ್ತಾರೆ ಅಕ್ಕಾ?" ಅಂದರು ಒಬ್ಬರು. ಇನ್ನೊಬ್ಬರು ನಿವೃತ್ತ ಅಕೌಂಟೆಂಟ್. ಅವರು ಲೆಕ್ಕ ಹಾಕಿಯೇ ಹೇಳಿದರು, ಆಗಲ್ಲ ಅಂತ. ಈಗ ಅವರೇ ಬೇರೆಯವರ ಫಾರಂ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ.

ನನ್ನ ಲೆಕ್ಕ ಹೀಗಿತ್ತು. ಸ್ಟೇಟ್ ಪೆನ್ಷನ್, ಅಂದರೆ ಸರ್ಕಾರದ ಪಿಂಚಣಿ, ವಾರಕ್ಕೆ 190ರ ಆಸುಪಾಸು, ತೀರಿಕೊಂಡ ನಮ್ಮ ಯಜಮಾನರ ಪಾಲಿನದ್ದೂ ಸ್ವಲ್ಪ ಸೇರಿ. ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದದ್ದಕ್ಕೆ ಬರುವ ಪಿಂಚಣಿ 30. ಉಳಿತಾಯ ಸುಮಾರು 12,000 ಪೌಂಡ್, ಹಾಸನದ ಬ್ಯಾಂಕಿನಲ್ಲಿ ಹೊರದೇಶದಲ್ಲಿರುವವರು ಇಡುವ ಎನ್‌ಆರ್‌ಒ ಡಿಪಾಸಿಟ್ಟೂ ಅದರಲ್ಲೇ. ಮೊದಲ ಹತ್ತು ಸಾವಿರ ಲೆಕ್ಕಕ್ಕಿಲ್ಲ, ಆಮೇಲೆ ಪ್ರತಿ 500ಕ್ಕೆ ವಾರಕ್ಕೆ ಒಂದು ಪೌಂಡ್ ಆದಾಯ ಅಂತ ಹಿಡಿಯುತ್ತಾರೆ. ಅಲ್ಲಿಗೆ 4. ಒಟ್ಟು 224. ಆ ವರ್ಷ ಒಂಟಿಯಾಗಿರುವವರಿಗೆ ಮಿತಿ 218 ಪೌಂಡ್ 15 ಪೆನ್ಸ್. ಆಗಸ್ಟ್‌ನಲ್ಲಿ ಪೆನ್ಷನ್ ಕ್ರೆಡಿಟ್ ಕಚೇರಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಹಾಡು ಕೇಳಿಸಿ, ಅರ್ಧ ಗಂಟೆ ಪ್ರಶ್ನೆ ಕೇಳಿ, ಕೊನೆಗೆ "ಆರು ಪೌಂಡ್ ಜಾಸ್ತಿ ಇದೆ" ಅಂದರು. ಆರು ಪೌಂಡ್! ಎರಡು ಕಾಫಿಯ ದುಡ್ಡು.

ಇಲ್ಲಿಗೇ ಎಲ್ಲರೂ ನಿಲ್ಲುತ್ತಾರೆ. ಅಕೌಂಟೆಂಟ್ ಲೆಕ್ಕವೂ ಇಲ್ಲಿಗೇ ನಿಂತಿತ್ತು. ಆದರೆ ಆ 218 ಎಲ್ಲರಿಗೂ ಒಂದೇ ಅಲ್ಲ. ಒಂಟಿಯಾಗಿದ್ದು, ಅಟೆಂಡೆನ್ಸ್ ಅಲೋವೆನ್ಸ್ (ದಿನನಿತ್ಯ ಇನ್ನೊಬ್ಬರ ಸಹಾಯ ಬೇಕಾದ ಹಿರಿಯರಿಗೆ ಸರ್ಕಾರ ಕೊಡುವ ಭತ್ಯೆ) ಬರುತ್ತಿದ್ದು, ನಿಮ್ಮನ್ನು ನೋಡಿಕೊಳ್ಳುತ್ತೇನೆ ಅಂತ ಬೇರೆ ಯಾರೂ ಕೇರರ್ಸ್ ಅಲೋವೆನ್ಸ್ ತೆಗೆದುಕೊಳ್ಳುತ್ತಿಲ್ಲ ಅಂದರೆ ಮಿತಿ ಆಗ 81 ಪೌಂಡ್ 50 ಪೆನ್ಸ್ ಏರುತ್ತಿತ್ತು. ಅಂದರೆ 299 ಪೌಂಡ್ 65 ಪೆನ್ಸ್. ಅಟೆಂಡೆನ್ಸ್ ಅಲೋವೆನ್ಸನ್ನು ಆದಾಯ ಅಂತ ಹಿಡಿಯುವುದೂ ಇಲ್ಲ. ಅದಕ್ಕೇ ನಾನು ಹೇಳುವುದು, ಮೊದಲು ಹಿಡಿಯಬೇಕಾದ್ದು ಪೆನ್ಷನ್ ಕ್ರೆಡಿಟ್ ಅಲ್ಲ, ಅಟೆಂಡೆನ್ಸ್ ಅಲೋವೆನ್ಸ್.

ಅದಕ್ಕೆ ನಾನು ಹಿಂದೊಮ್ಮೆ ಅರ್ಜಿ ಹಾಕಿ ಸೋತಿದ್ದೆ. ಫಾರಂ ತುಂಬಿಸಿಕೊಟ್ಟದ್ದು ಒಂದು ಸಲಹಾ ಕೇಂದ್ರದ ಚಿಕ್ಕ ಹುಡುಗಿ. ಒಳ್ಳೆಯವಳು. ಆದರೆ "ಅಡುಗೆ ಮಾಡಲು ಕಷ್ಟ, ಸಾಮಾನು ತರಲು ಕಷ್ಟ, ಮನೆ ಗುಡಿಸಲು ಕಷ್ಟ" ಅಂತಲೇ ಪುಟ ತುಂಬಿಸಿದ್ದಳು. ಅಡುಗೆ, ಅಂಗಡಿ, ಕಸಗುಡಿಸುವುದು ಇವು ಯಾವುದೂ ಇದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮೈಗೆ ಸಂಬಂಧಿಸಿದ್ದು ಬೇಕು. ಏಳುವುದು, ಸ್ನಾನ, ಬಟ್ಟೆ, ಊಟ, ಟಾಯ್ಲೆಟ್, ಮಾತ್ರೆ, ಬೀಳುವ ಭಯ. ಇನ್ನೊಂದು ವಿಷಯ ನಮ್ಮವರ ತಲೆಗೆ ಹೋಗುವುದೇ ಇಲ್ಲ. ಯಾರಾದರೂ ಸಹಾಯ ಮಾಡುತ್ತಿದ್ದಾರಾ ಅನ್ನುವುದು ಮುಖ್ಯ ಅಲ್ಲ. ಸಹಾಯ ಬೇಕಾ ಅನ್ನುವುದು ಮುಖ್ಯ. ಒಬ್ಬಳೇ ಒದ್ದಾಡುತ್ತಿದ್ದರೂ ಅದು ಬೇಕಾದ ಸಹಾಯವೇ.

ನಮ್ಮ ಹೆಂಗಸರಿಗೆ ಇದು ತುಂಬ ಕಷ್ಟ. ಹೇಗಿದ್ದೀರಿ ಅಂತ ಯಾರೇ ಕೇಳಲಿ, "ಪರವಾಗಿಲ್ಲ, ನಡೀತಿದೆ" ಅಂತಲೇ ಬಾಯಿಗೆ ಬರುತ್ತದೆ. ಫಾರಂನಲ್ಲಿ ಹಾಗೆ ಬರೆದರೆ ಮುಗಿಯಿತು.

ಸೆಪ್ಟೆಂಬರ್ ಮೊದಲ ವಾರ ಫೋನ್ ಮಾಡಿ ಹೊಸ ಫಾರಂ ತರಿಸಿಕೊಂಡೆ. ಫೋನ್ ಮಾಡಿಯೇ ತರಿಸಿಕೊಳ್ಳಿ. ಆರು ವಾರದೊಳಗೆ ತುಂಬಿ ಕಳಿಸಿದರೆ ನೀವು ಫೋನ್ ಮಾಡಿದ ದಿನದಿಂದಲೇ ದುಡ್ಡಿನ ಲೆಕ್ಕ ಶುರು. ಅಲ್ಲಿಂದ ಗೋಡೆ ಕ್ಯಾಲೆಂಡರಿನ ಹಳೇ ಹಾಳೆಗಳ ಹಿಂಬದಿಯಲ್ಲಿ ಬರೆದಿಡಲು ಶುರು ಮಾಡಿದೆ. "ರಾತ್ರಿ 2:10, ಎದ್ದೆ, ಗೋಡೆ ಹಿಡಿದು ಹೋದೆ, ಮೊಣಕಾಲು ಹಿಡಿದುಕೊಂಡಿತು, ವಾಪಸ್ ಮಲಗುವಾಗ 2:35." "ಬೆಳಿಗ್ಗೆ ಟಬ್ ಅಂಚಿನಲ್ಲಿ ಕೂತೆ, ಏಳಲು ಆಗಲಿಲ್ಲ." ಬಟ್ಟೆಯ ಪ್ರಶ್ನೆಗೆ ನಾನೇ ಬರೆದದ್ದು ಇದು: ಸೀರೆಯ ನೆರಿಗೆ ಹಿಡಿಯಲು ಬೆರಳು ಬಗ್ಗುವುದಿಲ್ಲ, ಹಾಗಾಗಿ ಎರಡು ವರ್ಷದಿಂದ ಸೀರೆ ಉಡುವುದನ್ನೇ ಬಿಟ್ಟಿದ್ದೇನೆ, ಸ್ವೆಟರ್ ತಲೆ ಮೇಲಿಂದ ಎಳೆಯುವಾಗ ಅರ್ಧದಲ್ಲಿ ಸಿಕ್ಕಿಕೊಂಡು ಸುಧಾರಿಸಿಕೊಳ್ಳುತ್ತಾ ನಿಲ್ಲುತ್ತೇನೆ. ಎಲ್ಲ ನಿಜ. ನೆರಿಗೆ ಅಂದರೆ ಏನು, ಐದೂವರೆ ಗಜ ಬಟ್ಟೆಯನ್ನು ಹೇಗೆ ಮಡಿಸಿ ಸಿಗಿಸಬೇಕು ಅಂತ ಒಂದು ಸಾಲು ವಿವರಣೆಯನ್ನೂ ಸೇರಿಸಿದೆ. ಓದುವವರಿಗೆ ಕಣ್ಣಿಗೆ ಕಟ್ಟಬೇಕಲ್ವಾ.

ರಾತ್ರಿಯ ಪ್ರಶ್ನೆಗೆ ಉತ್ತರವನ್ನು ಯಾವ ಕ್ರಮದಲ್ಲಿ ಬರೆಯಬೇಕು ಅನ್ನುವುದರಲ್ಲಿ ಒಂದು ಕೈಚಳಕ ಇದೆ. ಸುಳ್ಳೇನೂ ಅಲ್ಲ, ಜೋಡಿಸುವ ರೀತಿ ಅಷ್ಟೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ಫಾರಂ ಮುಂದಿಟ್ಟುಕೊಂಡು ಹೇಳಿಕೊಡುತ್ತೇನೆ. ಫೋನಿಗೆ ಕಾಯದೆ ಸಿಗುವ ಹೊತ್ತು ಯಾವುದು ಅನ್ನುವುದೂ ನನಗೆ ಗೊತ್ತು. ಅದನ್ನೂ ಹೇಳಿದರೆ ನಾಳೆಯಿಂದ ಆ ಹೊತ್ತೂ ಸಿಗಲ್ಲ.

ನವೆಂಬರ್ ಕೊನೆಗೆ ಕಾಗದ ಬಂತು. ಕೆಳಗಿನ ದರ, ವಾರಕ್ಕೆ 72 ಪೌಂಡ್ 65 ಪೆನ್ಸ್. ಮೇಲಿನ ದರಕ್ಕೆ ಹಗಲು ರಾತ್ರಿ ಎರಡೂ ಬೇಕು, ಅದಕ್ಕೆ ಜಗಳ ಆಡಲಿಲ್ಲ. ಕಾಗದ ಕೈಗೆ ಬಂದ ಕೂಡಲೇ ಪೆನ್ಷನ್ ಕ್ರೆಡಿಟ್‌ಗೆ ಹೊಸದಾಗಿ ಅರ್ಜಿ ಹಾಕಿದೆ, ಹಿಂದಿನ ದಿನಾಂಕದಿಂದ ಕೊಡಿ ಅಂತ ಸ್ಪಷ್ಟವಾಗಿ ಕೇಳಿ. ಆ ವರ್ಷ ಡಿಸೆಂಬರ್ 21 ದಾಟಿದ್ದರೆ 200 ಪೌಂಡ್ ಕೈತಪ್ಪುತ್ತಿತ್ತು, ಯಾಕೆಂದರೆ ಸೆಪ್ಟೆಂಬರ್ 16ರಿಂದ 22ರ ವಾರದಲ್ಲಿ ನಾವು ಪೆನ್ಷನ್ ಕ್ರೆಡಿಟ್ ಪಟ್ಟಿಯಲ್ಲಿ ಇರಬೇಕಿತ್ತು, ತಡವಾಗಿ ಅರ್ಜಿ ಹಾಕಿದ್ದರೆ ಹಿಂದಿನ ದಿನಾಂಕದ ಲೆಕ್ಕ ಆ ವಾರದವರೆಗೆ ಮುಟ್ಟುತ್ತಿರಲಿಲ್ಲ. ಅಷ್ಟರಲ್ಲಿ ಇಡೀ ದೇಶವೇ ಅರ್ಜಿ ಹಾಕಿತ್ತು. ಕಾದೆ. ಹೊಸ ವರ್ಷ ಬಂದ ಮೇಲೆ ಮಂಜೂರಾಯಿತು. ವಾರಕ್ಕೆ 75ರ ಹತ್ತಿರ, ಜೊತೆಗೆ ಹಳೇ ಬಾಕಿ, ಆಮೇಲೆ ಆ 200.

ನೋಡಿ, 200ಕ್ಕೆ ಅಂತ ಹೊರಟದ್ದು. ಸಿಕ್ಕಿದ್ದು ಎರಡೂ ಸೇರಿ ವಾರಕ್ಕೆ 147, ವರ್ಷಕ್ಕೆ ಏಳೂವರೆ ಸಾವಿರದ ಮೇಲೆ. ಊರಿನ ಆಡಳಿತಕ್ಕೆ ಕಟ್ಟುವ ಮನೆಗಂದಾಯ, ಅಂದರೆ ಕೌನ್ಸಿಲ್ ಟ್ಯಾಕ್ಸ್‌ಗೆ ಬೇರೆ ಅರ್ಜಿ ಹಾಕಿದೆ, ಪೆನ್ಷನ್ ಕ್ರೆಡಿಟ್ಟಿನ ಮುಖ್ಯ ಭಾಗವಾದ ಗ್ಯಾರಂಟಿ ಕ್ರೆಡಿಟ್ ಇದ್ದದ್ದರಿಂದ ಪೂರ್ತಿ ಮಾಫಿ, ಅದೊಂದು ಸಾವಿರ ಚಿಲ್ಲರೆ. ವಯಸ್ಸು 75 ದಾಟಿ ಪೆನ್ಷನ್ ಕ್ರೆಡಿಟ್ಟೂ ಇದ್ದದ್ದರಿಂದ, ಟಿವಿ ನೋಡಲು ವರ್ಷವರ್ಷ ಕಟ್ಟುವ ಟಿವಿ ಲೈಸೆನ್ಸೂ ಪುಕ್ಕಟೆ. ಒಂದು ತಮಾಷೆ ಹೇಳುತ್ತೇನೆ. ಆ ವರ್ಷ ಟಿವಿ ಲೈಸೆನ್ಸ್ 169 ಪೌಂಡ್ 50 ಪೆನ್ಸ್. ಹಳೇ ಪದ್ಧತಿಯ ಮೂಲ ಸ್ಟೇಟ್ ಪೆನ್ಷನ್ ಆಗ ಒಂದು ವಾರಕ್ಕೆ ಎಷ್ಟು? ಅದೂ 169 ಪೌಂಡ್ 50 ಪೆನ್ಸ್!

ಕೈತಪ್ಪಿದ್ದೂ ಇದೆ. ಕರೆಂಟ್ ಬಿಲ್ಲಿನಲ್ಲಿ 150 ಪೌಂಡ್ ಕಡಿಮೆ ಮಾಡುವ ವಾರ್ಮ್ ಹೋಮ್ ಡಿಸ್ಕೌಂಟ್ ಆ ಚಳಿಗಾಲ ನನಗೆ ಬರಲಿಲ್ಲ. ಅದಕ್ಕೆ ಆಗಸ್ಟ್‌ನಲ್ಲೇ ಕ್ರೆಡಿಟ್ ಇರಬೇಕಿತ್ತು, ನನ್ನದು ಸೆಪ್ಟೆಂಬರ್‌ನಿಂದ. ಮುಂದಿನ ವರ್ಷ ತಾನಾಗೇ ಬಂತು. ಕೋಲ್ಡ್ ವೆದರ್ ಪೇಮೆಂಟ್‌ನ 25 ಪೌಂಡ್ ನಂಬಿಕೊಂಡು ಕೂರಬೇಡಿ. ಸತತ ಏಳು ದಿನ ಸರಾಸರಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರಬೇಕು. ನಮ್ಮ ಲೆಸ್ಟರ್‌ನಲ್ಲಿ ನಾಲ್ಕು ದಿನ ಮೂಳೆ ಕೊರೆದು ಐದನೇ ದಿನ ಮಳೆ ಹಿಡಿದುಕೊಳ್ಳುತ್ತದೆ.

2025ರ ಜೂನ್‌ನಲ್ಲಿ ಸರ್ಕಾರ ಉಲ್ಟಾ ಹೊಡೆಯಿತು. ವಿಂಟರ್ ಫ್ಯುಯೆಲ್ ಪೇಮೆಂಟ್ ಮತ್ತೆ ಎಲ್ಲರಿಗೂ, ವರ್ಷಕ್ಕೆ 35,000ಕ್ಕಿಂತ ಹೆಚ್ಚು ಆದಾಯ ಇರುವವರಿಂದ ಟ್ಯಾಕ್ಸ್ ಮೂಲಕ ವಾಪಸ್. "ಸುಮ್ನೆ ಅಷ್ಟು ಒದ್ದಾಡಿದಿರಿ ಅಕ್ಕಾ" ಅಂತ ಆಗಲೂ ಒಬ್ಬರು ಅಂದರು. ಏಳೂವರೆ ಸಾವಿರ ಅಂತ ಬೆರಳು ಮಡಿಸಿ ತೋರಿಸಿದೆ. ಆಮೇಲೆ ಮಾತಾಡಲಿಲ್ಲ.

ಈ ದಾರಿ ಎಲ್ಲರಿಗೂ ನಡೆಯುವುದಿಲ್ಲ. ಬೆಳೆದ ಮಗನೋ ಮಗಳೋ ಜೊತೆಯಲ್ಲಿದ್ದರೆ ಸಾಮಾನ್ಯವಾಗಿ ಆ ಹೆಚ್ಚುವರಿ ಮಿತಿ ಸಿಗುವುದಿಲ್ಲ. ಗಂಡ ಹೆಂಡತಿ ಇಬ್ಬರೇ ಇದ್ದರೆ ಇಬ್ಬರಿಗೂ ಅಟೆಂಡೆನ್ಸ್ ಅಲೋವೆನ್ಸ್ ಬರುತ್ತಿರಬೇಕು. ಅಂಥವರಿಗೂ ಬರೀ ಅಟೆಂಡೆನ್ಸ್ ಅಲೋವೆನ್ಸ್ ಹಾಕಿಸಿಕೊಡುತ್ತೇನೆ, ಅದಕ್ಕೆ ಆದಾಯವನ್ನೂ ನೋಡುವುದಿಲ್ಲ, ಉಳಿತಾಯವನ್ನೂ ನೋಡುವುದಿಲ್ಲ. ಊರಿನ ಆಸ್ತಿ ಮುಚ್ಚಿಡಬೇಡಿ. ಇರುವ ಮನೆ ಲೆಕ್ಕಕ್ಕಿಲ್ಲ, ನಿಜ. ಆದರೆ ಮೈಸೂರಲ್ಲಿ ಬೀಗ ಹಾಕಿಟ್ಟ ಇನ್ನೊಂದು ಮನೆ ಲೆಕ್ಕಕ್ಕಿದೆ. ತೊಡುವ ಒಡವೆಯ ಚಿಂತೆ ಬೇಡ.

ಇನ್ನು ಬಿಸಿಯ ವಿಷಯ. ನಮ್ಮದು ನೂರು ವರ್ಷ ದಾಟಿದ ಸಾಲುಮನೆ. ಇಟ್ಟಿಗೆಯ ಗಟ್ಟಿ ಗೋಡೆ, ನಡುವೆ ಸಂದಿಲ್ಲ, ಹಾಗಾಗಿ ಗೋಡೆಯೊಳಗೆ ಏನನ್ನೂ ತುಂಬಿಸುವ ಹಾಗಿಲ್ಲ. ಹಿಂದೆಲ್ಲ ಥರ್ಮೋಸ್ಟಾಟ್ 15ಕ್ಕೆ ಇಟ್ಟು ಎರಡು ಶಾಲು ಹೊದ್ದು ಕೂರುತ್ತಿದ್ದೆ. ಈಗ 19. ದುಡ್ಡು ಬಂತು ಅಂತ ಪೋಲು ಮಾಡಲು ಮನಸ್ಸಿಲ್ಲ, ಅದಕ್ಕೆ ಒಂದಷ್ಟು ಪ್ರಯೋಗ ಮಾಡಿದೆ.

ಗೆಳತಿಯೊಬ್ಬಳ ಮಾತು ಕೇಳಿ ಒಂದೇ ಕೋಣೆ ಬಿಸಿ ಮಾಡೋಣ ಅಂತ ಎಣ್ಣೆ ತುಂಬಿದ ಎಲೆಕ್ಟ್ರಿಕ್ ಹೀಟರ್ ತಂದೆ. ಎರಡು ಕಿಲೋವ್ಯಾಟಿನದ್ದು. ಆಗ ಗ್ಯಾಸ್ ಯೂನಿಟ್ಟಿಗೆ ಆರು ಪೆನ್ಸ್ ಚಿಲ್ಲರೆ, ಕರೆಂಟ್ 25ರ ಹತ್ತಿರ ಇತ್ತು. ಪೂರ್ತಿ ಉರಿದರೆ ಗಂಟೆಗೆ ಅರ್ಧ ಪೌಂಡ್. ಸ್ಮಾರ್ಟ್ ಮೀಟರಿನ ಕೆಂಪು ದೀಪ ನೋಡಿಯೇ ನನಗೆ ಬಿಸಿಯಾಯಿತು! ಅದನ್ನು ಮಾರಿದೆ. ಕಿಟಕಿಗೆ ಹೇರ್ ಡ್ರೈಯರ್ ಹಿಡಿದು ಅಂಟಿಸುವ ಪ್ಲಾಸ್ಟಿಕ್ ಹಾಳೆ ಅನ್ನ ಸಾರಿನ ಹಬೆಗೆ ವಾರದಲ್ಲೇ ಕಿತ್ತು ಬಂತು. ರೇಡಿಯೇಟರ್ ಹಿಂದೆ ಫಾಯಿಲ್ ಹಾಕಿದ್ದು ಹೊರಗೋಡೆಗೆ ಮಾತ್ರ ಸ್ವಲ್ಪ ಉಪಯೋಗ.

ಗೆದ್ದದ್ದು ಎರಡು. ಒಂದು, ಬಾಯ್ಲರ್‌ನಿಂದ ರೇಡಿಯೇಟರ್‌ಗೆ ಹೋಗುವ ನೀರಿನ ಬಿಸಿಯನ್ನು 75ರಿಂದ 58ಕ್ಕೆ ಇಳಿಸಿದ್ದು. ಮನೆ ಬೆಚ್ಚಗಾಗಲು ಹೊತ್ತು ಹಿಡಿಯುತ್ತದೆ, ಆದರೆ ಗ್ಯಾಸ್ ನನ್ನ ಅಂದಾಜಿಗೆ ಹತ್ತರಲ್ಲಿ ಒಂದು ಪಾಲು ಉಳಿಯಿತು. ಇದು ಟ್ಯಾಂಕಿಲ್ಲದೆ ಬೇಕಾದಾಗಲೇ ನೀರು ಬಿಸಿ ಮಾಡುವ ಕಾಂಬಿ ಬಾಯ್ಲರ್ ಇರುವವರಿಗೆ ಮಾತ್ರ. ಬಿಸಿನೀರಿನ ಟ್ಯಾಂಕ್ ಇದ್ದರೆ ಮುಟ್ಟಬೇಡಿ, ನೀರು 60 ಡಿಗ್ರಿಗಿಂತ ಕೆಳಗೆ ನಿಂತರೆ ಕೆಟ್ಟ ಬ್ಯಾಕ್ಟೀರಿಯಾ ಉಳಿದು ಬೆಳೆಯುವ ಅಪಾಯ ಇದೆ. ಎರಡು, ಕೂತಲ್ಲೇ ಹೊದೆಯುವ ಎಲೆಕ್ಟ್ರಿಕ್ ಕಂಬಳಿ. ನಲವತ್ತು ಪೌಂಡ್ ಇರಬೇಕು. ನೂರು ವ್ಯಾಟ್ ಚಿಲ್ಲರೆ, ಗಂಟೆಗೆ ಮೂರು ಪೆನ್ಸ್. ಮೊಣಕಾಲಿಗೆ ಇದರಷ್ಟು ಹಿತ ಇನ್ನೊಂದಿಲ್ಲ.

ಬಾಯ್ಲರ್ ಇಳಿಸಿದ ಮೇಲೆ ಒಂದು ಹೊಸ ತೊಂದರೆ ಶುರುವಾಯಿತು. ದೋಸೆ ಹಿಟ್ಟು ಹುಳಿ ಬರಲಿಲ್ಲ. ಮೊದಲು ಬಾಯ್ಲರ್ ಕಪಾಟಿನಲ್ಲಿ ಪಾತ್ರೆ ಇಟ್ಟರೆ ಬೆಳಿಗ್ಗೆ ಉಕ್ಕುತ್ತಿತ್ತು, ಈಗ ಕಲ್ಲಿನ ಹಾಗೆ ಕೂತಿರುತ್ತದೆ. ಕೊನೆಗೆ ಅದೇ ಕಂಬಳಿಯ ಒಂದು ಮೂಲೆಯನ್ನು ಪಾತ್ರೆಗೆ ಸುತ್ತಿ, ಸಣ್ಣ ಉರಿಗಿಟ್ಟು, ನಾನು ಟಿವಿ ನೋಡುವಾಗ ಪಕ್ಕದಲ್ಲೇ ಇಟ್ಟುಕೊಂಡೆ. ಮಲಗುವಾಗ ಸ್ವಿಚ್ ಆಫ್ ಮಾಡಿ ಹಳೇ ಕೋಟು ಹೊದಿಸಿದೆ. ಉಕ್ಕಿತು.

ಚಳಿಗಾಲ ಪೂರ್ತಿ ಬೆಂಗಳೂರಲ್ಲಿ ಕಳೆದರೆ ಹೀಟಿಂಗ್ ಖರ್ಚೇ ಇಲ್ಲ ಅಂತ ಲೆಕ್ಕ ಹಾಕುವವರು ಇದ್ದಾರೆ. ನಾಲ್ಕು ವಾರಕ್ಕಿಂತ ಜಾಸ್ತಿ ದೇಶ ಬಿಟ್ಟರೆ ಪೆನ್ಷನ್ ಕ್ರೆಡಿಟ್ ನಿಲ್ಲುತ್ತದೆ. ಅಟೆಂಡೆನ್ಸ್ ಅಲೋವೆನ್ಸ್‌ಗೆ 13 ವಾರ. ಪೂರ್ತಿ ವಾಪಸ್ ಹೋದರೆ ಸ್ಟೇಟ್ ಪೆನ್ಷನ್ ಭಾರತದಲ್ಲಿ ಏರುವುದೇ ಇಲ್ಲ, ಹೋದ ದಿನ ಎಷ್ಟಿತ್ತೋ ಅಷ್ಟೇ. ಇತ್ತ ಖಾಲಿ ಮನೆಗೂ ಗ್ಯಾಸ್, ಕರೆಂಟ್ ಸ್ಟ್ಯಾಂಡಿಂಗ್ ಚಾರ್ಜ್ ದಿನಕ್ಕೆ 90 ಪೆನ್ಸ್ ಹತ್ತಿರ ಓಡುತ್ತಲೇ ಇರುತ್ತದೆ. ನಾನು ಜನವರಿಯಲ್ಲಿ ಮೂರೂವರೆ ವಾರಕ್ಕೆ ಹಾಸನಕ್ಕೆ ಟಿಕೆಟ್ ಮಾಡಿಸಿದ್ದೇನೆ, ಮೊದಲೇ ಫೋನ್ ಮಾಡಿ ತಾರೀಕನ್ನೂ ತಿಳಿಸಿದ್ದೇನೆ. ಹೋಗುವಾಗ ಬಾಯ್ಲರ್ ಆರಿಸುವುದಿಲ್ಲ, ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆದರೆ ಉಳಿಸಿದ್ದೆಲ್ಲ ಪ್ಲಂಬರ್‌ಗೆ ಹೋಗುತ್ತದೆ. ಥರ್ಮೋಸ್ಟಾಟ್ 12ಕ್ಕೆ ಇಟ್ಟು ಬೀಗದ ಕೈ ಪಕ್ಕದ ಮನೆಯವರಿಗೆ ಕೊಟ್ಟು ಹೋಗುತ್ತೇನೆ. ಫಾರಂ ಹಿಡಿದು ಬರುವವರು ಫೆಬ್ರುವರಿ ಮೇಲೆ ಬನ್ನಿ.