ವೀಸಾ ಅರ್ಜಿಯಲ್ಲಿ ಮದುವೆಯ ವಿಷಯ: ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಹೊರಡುವವರಿಗೆ

ಮದುವೆ ಆಗಿದೆಯೋ ಇಲ್ಲವೋ ಅನ್ನೋ ಪ್ರಶ್ನೆಗೆ ಉತ್ತರ ತುಂಬಲು ಅರ್ಧ ನಿಮಿಷವೂ ಬೇಡ. ಆದರೆ ನಮ್ಮ ಕಡೆಯಿಂದ ಕೆನಡಾಕ್ಕೆ ಬಂದ ಹೊಸಬರ ಜೊತೆ ಕೂತು ಕಾಗದಪತ್ರ ನೋಡುವಾಗ ನಾನು ಜಾಸ್ತಿ ಕಂಡ ತೊಂದರೆ ಈ ಪ್ರಶ್ನೆಯಿಂದಲೇ ಹುಟ್ಟಿದ್ದು. ಇಂಗ್ಲಿಷ್ ಪರೀಕ್ಷೆಗೆ, ಬ್ಯಾಂಕ್ ಕಾಗದಗಳಿಗೆ ತಿಂಗಳುಗಟ್ಟಲೆ ಓಡಾಡಿದವರು ಈ ಪ್ರಶ್ನೆಗೆ ಬಂದಾಗ ಮಾತ್ರ ಏಜೆಂಟ್ ಹೇಳಿದ್ದನ್ನು ಬರೆದುಬಿಟ್ಟಿರುತ್ತಾರೆ. "ಸಿಂಗಲ್ ಅಂತ ಹಾಕ್ರಿ, ಕೆಲಸ ಲಗೂ ಆಗ್ತದ" ಎಂದು ಏಜೆಂಟ್ ಹೇಳಿ ಮುಗಿಸುತ್ತಾನೆ. ಆ ತಪ್ಪಿನ ಭಾರ ಬೀಳುವುದು ಎರಡು ಮೂರು ವರ್ಷ ಕಳೆದ ಮೇಲೆ, ಅದೂ ಊರಲ್ಲಿ ಕಾಯುತ್ತಾ ಕೂತ ಹೆಂಡತಿಯ ಮೇಲೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಕೇಳುವ ಮಾತು. "ಲಗ್ನ ಆಗ್ಯಾದ್ರಿ, ಆದ್ರ ರಿಜಿಸ್ಟರ್ ಮಾಡ್ಸಿಲ್ಲ. ಹಂಗಾದ್ರ ಸಿಂಗಲ್ ಅಂತ ಬರೀಬಹುದಲ್ಲ?" ಬರೆಯುವಂತಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಗಂಡಿನ ಕಡೆಯ ಅಥವಾ ಹೆಣ್ಣಿನ ಕಡೆಯ ರೂಢಿಯಂತೆ ಶಾಸ್ತ್ರ ನಡೆದರೆ ಮದುವೆ ಆಯಿತು. ನೋಂದಣಿ ಅದಕ್ಕೊಂದು ಸಾಕ್ಷಿ. ನೋಂದಣಿ ಮಾಡಿಸಲಿಲ್ಲ ಅನ್ನೋ ಕಾರಣಕ್ಕೆ ಮದುವೆಗೆ ಧಕ್ಕೆ ಬರುವುದಿಲ್ಲ ಎಂದು ಅದೇ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ವೀರಶೈವ, ಲಿಂಗಾಯತರನ್ನು ಹೆಸರು ಹಿಡಿದೇ ಅದರೊಳಗೆ ಸೇರಿಸಿದ್ದಾರೆ. ಬೌದ್ಧರು, ಜೈನರು, ಸಿಖ್ಖರೂ ಅದರಲ್ಲೇ ಬರುತ್ತಾರೆ. ನಿಮ್ಮ ರೂಢಿಯಲ್ಲಿ ಸಪ್ತಪದಿ ಇಲ್ಲದಿದ್ದರೆ ಅದೊಂದು ಕೊರತೆ ಅಲ್ಲ. ಮಠದ ಸಾಮೂಹಿಕ ವಿವಾಹದಲ್ಲಿ ಅಕ್ಕಿಕಾಳು ಬಿದ್ದಿರಲಿ, ಮನೆ ಮುಂದೆ ಹಂದರ ಹಾಕಿ ಲಗ್ನ ಮಾಡಿರಲಿ, ಲೆಕ್ಕ ಒಂದೇ.

ಮುಸ್ಲಿಂ ಕುಟುಂಬಗಳಲ್ಲಿ ಇನ್ನೊಂದು ಗೊಂದಲ ಇದೆ. ನಿಕಾಹ್ ಆಗಿರುತ್ತದೆ, ರುಖ್ಸತಿ, ಅಂದರೆ ಹುಡುಗಿಯನ್ನು ಗಂಡನ ಮನೆಗೆ ಕಳಿಸುವುದು, ಮಾತ್ರ ವೀಸಾ ಬಂದ ಮೇಲೆ ಎಂದು ಇಟ್ಟುಕೊಂಡಿರುತ್ತಾರೆ. ಹುಡುಗಿ ಇನ್ನೂ ತವರಲ್ಲೇ ಇದ್ದಾಳೆ ಎಂದು ಹುಡುಗ ಸಿಂಗಲ್ ಎಂದು ಬರೆಯುತ್ತಾನೆ. ನಿಕಾಹ್‌ನಾಮಾದಲ್ಲಿ ಸಹಿ ಬಿದ್ದ ದಿನವೇ ಮದುವೆಯ ದಿನ. ಆವತ್ತಿನಿಂದ ಇಬ್ಬರೂ ಮದುವೆಯಾದವರು.

ನಿಶ್ಚಿತಾರ್ಥ ಮಾತ್ರ ಆಗಿದ್ದರೆ ಚಿಂತೆ ಬೇಡ. ಉಂಗುರ ಹಾಕಿದ್ದರೂ, ಲಗ್ನಪತ್ರಿಕೆ ಅಚ್ಚಾಗಿದ್ದರೂ ನೀವಿನ್ನೂ ಅವಿವಾಹಿತರೇ. ಅರ್ಜಿ ಕೇಳುವುದು ನೀವು ಸಹಿ ಮಾಡುವ ದಿನದ ಸ್ಥಿತಿಯನ್ನು. ಆದರೆ ಅರ್ಜಿ ಹಾಕಿದ ಮೇಲೆ, ವೀಸಾ ಬರುವ ಮುಂಚೆ ಲಗ್ನ ಆದರೆ ಅದನ್ನು ತಿಳಿಸಬೇಕು. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮನೆಯವರಿಗೆ ಗೊತ್ತಿಲ್ಲದೆ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮದುವೆ ಮಾಡಿಕೊಂಡ ಹುಡುಗ ಹುಡುಗಿಯರೂ ನಮ್ಮಲ್ಲಿದ್ದಾರೆ. ಏಜೆಂಟ್ ಹತ್ತಿರ ಹೋಗುವಾಗ ಪಕ್ಕದಲ್ಲಿ ಅಪ್ಪ ಅಥವಾ ಕಾಕಾ ಕೂತಿರುತ್ತಾರೆ, ಹೆದರಿ ಸಿಂಗಲ್ ಎಂದು ಹೇಳಿಬಿಡುತ್ತಾರೆ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ದಯವಿಟ್ಟು ಅರ್ಜಿಯನ್ನು ನೀವೊಬ್ಬರೇ ಕೂತು ತುಂಬಿ. ಮನೆಯವರಿಗೆ ಯಾವಾಗ ಹೇಳಬೇಕು ಅನ್ನೋದು ನಿಮ್ಮ ಮಾತು. ಸರ್ಕಾರದ ಕಾಗದದಲ್ಲಿ ನಿಜ ಬರೆಯುವುದನ್ನು ಅದಕ್ಕಾಗಿ ಮುಂದೂಡಲು ಆಗುವುದಿಲ್ಲ.

ಚಿಕ್ಕ ವಯಸ್ಸಿನಲ್ಲೇ ಮದುವೆ ಮಾಡಿಸಿಬಿಟ್ಟವರ ವಿಷಯ ಸ್ವಲ್ಪ ಸೂಕ್ಷ್ಮ. ಕೇಂದ್ರದ 2006ರ ಕಾಯ್ದೆಯಲ್ಲಿ ಬಾಲ್ಯವಿವಾಹ ತಾನಾಗಿ ರದ್ದಾಗುವುದಿಲ್ಲ, ವಯಸ್ಸಿಗೆ ಬಂದ ಮೇಲೆ ಎರಡು ವರ್ಷದೊಳಗೆ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಕರ್ನಾಟಕವು 2016ರ ತಿದ್ದುಪಡಿಯಿಂದ, ಅದು ಜಾರಿಗೆ ಬಂದ ಮೇಲೆ ನಡೆದ ಬಾಲ್ಯವಿವಾಹಗಳನ್ನು ಮೊದಲಿನಿಂದಲೇ ಅಸಿಂಧು ಮಾಡಿದೆ. ಅಂದರೆ ನಿಮ್ಮ ಲಗ್ನ ಯಾವ ವರ್ಷ, ಯಾವ ರಾಜ್ಯದಲ್ಲಿ ಆಯಿತು ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಆಳಂದ, ಅಫಜಲಪುರ, ಬಸವಕಲ್ಯಾಣದ ಕಡೆಯ ಎಷ್ಟೋ ಮದುವೆಗಳು ಗಡಿ ದಾಟಿ ಮಹಾರಾಷ್ಟ್ರದಲ್ಲಿ ಆಗಿರುತ್ತವೆ. ನೀವೇ ತೀರ್ಮಾನ ಮಾಡದೆ ಒಬ್ಬ ವಕೀಲರನ್ನು ಕೇಳಿ.

ಇದರ ಉಲ್ಟಾ ಇನ್ನೊಂದು ಪದ್ಧತಿ ಈಗ ಬೆಳೆದಿದೆ. ಲಗ್ನ ಮುಂದಿನ ವರ್ಷ, ಆದರೆ ಹುಡುಗಿಯ ವೀಸಾ ಬೇಗ ಆಗಲಿ ಎಂದು ಈಗಲೇ ಪ್ರಮಾಣಪತ್ರ ಮಾಡಿಸಿಬಿಡುವುದು. ಇದರ ಬಗ್ಗೆ ಸುಪ್ರೀಂ ಕೋರ್ಟ್ 2024ರಲ್ಲಿ ಬಿಗಿಯಾಗಿ ಮಾತಾಡಿದೆ. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಹಿಂದೂ ವಿವಾಹ ಕಾಯ್ದೆಯಡಿ ಶಾಸ್ತ್ರವೇ ನಡೆಯದೆ ಬರೀ ಪ್ರಮಾಣಪತ್ರದಿಂದ ಗಂಡ ಹೆಂಡತಿ ಆಗುವುದಿಲ್ಲ ಎಂದಿತು. ವೀಸಾಗೋಸ್ಕರ ಮೊದಲೇ ನೋಂದಣಿ ಮಾಡಿಸುವ ರೂಢಿಯನ್ನೂ ಅಲ್ಲೇ ಟೀಕಿಸಿತು. ಬೇಗ ಆಗಬೇಕು ಅಂದರೆ ಮನೆಯವರಷ್ಟೇ ಸೇರಿ ಸಣ್ಣದಾಗಿ ಲಗ್ನ ಮಾಡಿ, ಆಮೇಲೆ ನೋಂದಣಿ ಮಾಡಿಸಿ. ದೊಡ್ಡ ಊಟ ಬೇಕಾದಾಗ ಇಟ್ಟುಕೊಳ್ಳಿ.

ಅದೇ ರೀತಿ ವಿಡಿಯೋ ಕಾಲ್ ನಿಕಾಹ್. ಹುಡುಗ ಇಲ್ಲಿ, ಹುಡುಗಿ ಬೀದರ್‌ನಲ್ಲಿ. ಧರ್ಮದ ದೃಷ್ಟಿಯಿಂದ ಅದು ಏನು ಅನ್ನೋದನ್ನು ನಿಮ್ಮ ಹಿರಿಯರು ಹೇಳಲಿ. ಆದರೆ ಮದುವೆಯ ಹೊತ್ತಿಗೆ ಇಬ್ಬರೂ ಒಂದೇ ಕಡೆ ಇಲ್ಲದಿದ್ದರೆ, 2015ರ ಜೂನ್‌ನಿಂದ ಈಚೆಗೆ ಕೆನಡಾ ಅದನ್ನು ಗಂಡ ಹೆಂಡತಿಯ ಅರ್ಜಿಗೆ ಒಪ್ಪುವುದಿಲ್ಲ. ಟಿಕೆಟ್ ಖರ್ಚಾದರೂ ಊರಿಗೆ ಹೋಗಿ ನಿಕಾಹ್ ಮಾಡಿಕೊಳ್ಳಿ.

ಬೇರೆ ಬೇರೆ ಇರುವವರು ಇದನ್ನು ಗಮನಿಸಿ. ಹೆಂಡತಿ ತವರಿಗೆ ಹೋಗಿ ಐದು ವರ್ಷ ಆಗಿದ್ದರೂ ಅದು ವಿಚ್ಛೇದನ ಅಲ್ಲ. ಕಲಬುರಗಿಯ ಕೋರ್ಟಿನಲ್ಲಿ ಕೇಸ್ ನಡೆಯುತ್ತಿದ್ದರೆ ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನದ ಆದೇಶ, ಆಗುವವರೆಗೂ ಮದುವೆಯಾದವರೇ. ಪರಸ್ಪರ ಒಪ್ಪಿಗೆಯ ಕೇಸಿನಲ್ಲಿ ಕಾಯುವ ಆರು ತಿಂಗಳೂ ಹಾಗೇ. ಪಂಚರ ಮುಂದೆ ಸೋಡಚೀಟಿ, ಅಂದರೆ ಮದುವೆ ಬಿಡುಗಡೆಯ ಪತ್ರ, ಬರೆಸಿಕೊಂಡವರು ತಮ್ಮ ಕೆಲಸ ಮುಗಿಯಿತು ಎಂದುಕೊಂಡಿರುತ್ತಾರೆ. ರೂಢಿಯ ವಿಚ್ಛೇದನಕ್ಕೆ ಕಾಯ್ದೆಯಲ್ಲಿ ಜಾಗ ಇದೆ, ಆದರೆ ಆ ರೂಢಿ ನಿಮ್ಮ ಸಮಾಜದಲ್ಲಿ ಇತ್ತು ಎಂದು ಸಾಬೀತು ಮಾಡುವ ಹೊಣೆ ನಿಮ್ಮದು. ವೀಸಾ ಅಧಿಕಾರಿಯ ಮುಂದೆ ಅದನ್ನು ಸಾಬೀತು ಮಾಡುವುದು ಬಹಳ ಕಷ್ಟ. ಊರಲ್ಲಿರುವಾಗಲೇ ವಕೀಲರ ಮೂಲಕ ಕೋರ್ಟಿನ ಕಾಗದ ಮಾಡಿಸಿಕೊಂಡು ಬನ್ನಿ. ಒಂದೇ ಉಸಿರಿನಲ್ಲಿ ಮೂರು ಸಲ ಹೇಳಿದ ತಲಾಖ್ 2019ರ ಕಾಯ್ದೆಯಿಂದ ಅಸಿಂಧು, ಅದನ್ನು ನಂಬಿ ವಿಚ್ಛೇದಿತ ಎಂದು ಬರೆಯಬೇಡಿ. ಡಿಕ್ರಿ ಆದ ಕೂಡಲೇ ಎರಡನೇ ಮದುವೆಗೆ ದಿನ ನೋಡಬೇಡಿ, ಮೇಲ್ಮನವಿಯ 90 ದಿನ ಕಳೆಯಲಿ. ವಿಧವೆ, ವಿಧುರರಿಗೆ ಮರಣ ಪ್ರಮಾಣಪತ್ರ ಇದ್ದರೆ ಸಾಕು.

ಈಗ, ಸುಳ್ಳು ಬರೆದರೆ ಏನಾಗುತ್ತದೆ? ನನಗೆ ಚೆನ್ನಾಗಿ ಗೊತ್ತಿರುವ ಕೆನಡಾದಿಂದಲೇ ಹೇಳುತ್ತೇನೆ. ಅಂಕ ನೋಡಿ ವಲಸಿಗರನ್ನು ಆರಿಸುವ ಇಲ್ಲಿನ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಂಟಿಯಾಗಿ ಬರುವವರಿಗೆ ವಯಸ್ಸಿನ ಅಂಕ ಹೆಚ್ಚೆಂದರೆ 110, ಸಂಗಾತಿ ಜೊತೆ ಬರುವವರಿಗೆ 100. ಈ ಹತ್ತು ಅಂಕ ನೋಡಿ ಮನಸ್ಸು ಜಾರುತ್ತದೆ. ಹೆಂಡತಿ ನಿಜವಾಗಿಯೂ ಈಗ ಬರುತ್ತಿಲ್ಲ ಅಂದರೆ ಅದಕ್ಕೆ ನೇರ ದಾರಿಯೇ ಇದೆ. ಮದುವೆ ಆಗಿದೆ ಎಂದು ಬರೆದು, ಅವಳು ಜೊತೆಗೆ ಬರುತ್ತಿಲ್ಲ ಎಂದು ಗುರುತು ಹಾಕಬೇಕು. ಆಗ ಒಂಟಿಯಾಗಿ ಬರುವವರ ಅಂಕವೇ ಸಿಗುತ್ತದೆ. ಅವಳಿಗೂ ವೈದ್ಯಕೀಯ ತಪಾಸಣೆ ಮಾಡಿಸಬೇಕಾಗುತ್ತದೆ, ಅಷ್ಟೇ. ಮುಂದೆ ಅವಳನ್ನು ಕರೆಸಿಕೊಳ್ಳುವ ಬಾಗಿಲು ತೆರೆದೇ ಇರುತ್ತದೆ.

ಸಿಂಗಲ್ ಎಂದು ಬರೆದು ಪರ್ಮನೆಂಟ್ ರೆಸಿಡೆಂಟ್ (ಪಿಆರ್, ಕಾಯಂ ನಿವಾಸಿ) ಆದವರ ಪಾಡು ಬೇರೆ. ಕೆನಡಾದ ವಲಸೆ ನಿಯಮಗಳಲ್ಲಿ 117(9)(ಡಿ) ಎಂದು ಒಂದಿದೆ. ನೀವು ಪಿಆರ್ ಆಗುವಾಗ ಹೆಸರು ಹೇಳದೆ, ತಪಾಸಣೆಗೆ ಒಳಪಡಿಸದೆ ಬಿಟ್ಟ ಹೆಂಡತಿಯನ್ನೋ ಮಗುವನ್ನೋ ಆಮೇಲೆ ಕುಟುಂಬದ ಅರ್ಜಿಯಲ್ಲಿ ಕರೆಸಿಕೊಳ್ಳುವಂತಿಲ್ಲ. ಇಷ್ಟು ವರ್ಷ ಆದ ಮೇಲೆ ಮುಗಿಯುತ್ತದೆ ಅನ್ನೋ ಲೆಕ್ಕ ಇದಕ್ಕಿಲ್ಲ. 2019ರಿಂದ ಕೆಲವರಿಗೆ ಒಂದು ತಾತ್ಕಾಲಿಕ ರಿಯಾಯಿತಿ ಕೊಟ್ಟಿದ್ದಾರೆ, ಆದರೆ ಮದುವೆ ವಿಷಯ ಮುಚ್ಚಿಟ್ಟು ಅರ್ಹತೆ ಗಿಟ್ಟಿಸಿಕೊಂಡವರಿಗೆ ಅದು ಆಸರೆ ಆಗುವುದಿಲ್ಲ. ಇದರ ಮೇಲೆ ತಪ್ಪು ಮಾಹಿತಿಗೆ ಐದು ವರ್ಷದ ನಿಷೇಧ ಬೇರೆ. "ಏಜೆಂಟ್ ತುಂಬಿದ್ದು, ನನಗೆ ಗೊತ್ತಿಲ್ಲ" ಅನ್ನೋ ಮಾತು ನಡೆಯುವುದಿಲ್ಲ, ನಿಮ್ಮ ಪರವಾಗಿ ಯಾರು ತುಂಬಿದರೂ ಹೊಣೆ ನಿಮ್ಮದೇ. ಇಂಥ ಮನೆಗಳಲ್ಲಿ ಅತ್ತೆ ಮಾವ ಸೊಸೆಯನ್ನು "ಇವತ್ತು ಬರ್ತದ, ನಾಳೆ ಬರ್ತದ" ಎಂದು ಕೂರಿಸಿಕೊಂಡಿರುತ್ತಾರೆ. ಅವಳಿಗೆ ಯಾಕೆ ತಡ ಎಂದು ಯಾರೂ ಹೇಳಿರುವುದಿಲ್ಲ. ಅದು ನನಗೆ ಸಹಿಸಲಾಗದ ಸಂಗತಿ.

ಅಮೆರಿಕದಲ್ಲಿ ಬೇಕೆಂದೇ ಕೊಟ್ಟ ಮಹತ್ವದ ಸುಳ್ಳಿಗೆ ಜೀವನಪೂರ್ತಿ ಪ್ರವೇಶ ನಿಷೇಧ ಆಗಬಹುದು, ವಿನಾಯಿತಿ ಸಿಗುವುದು ಕೆಲವೇ ಸಂದರ್ಭಗಳಲ್ಲಿ. ಅಲ್ಲಿ ನಮ್ಮವರು ಎಡವುವ ಜಾಗ ಗ್ರೀನ್ ಕಾರ್ಡ್ ಇರುವ ಅಪ್ಪ ಮಗನಿಗೆ ಹಾಕಿದ ಅರ್ಜಿ. ಅದು ಮದುವೆಯಾಗದ ಮಕ್ಕಳಿಗೆ ಮಾತ್ರ. ಅಪ್ಪ ಅಮೆರಿಕದ ಪೌರನಾಗುವ ಮುಂಚೆ ಮಗನಿಗೆ ಲಗ್ನ ಆದರೆ ಅರ್ಜಿ ಅಲ್ಲಿಗೇ ಸತ್ತಂತೆ. ಪೌರನಾದ ಮೇಲೆ ಆದರೆ ಅದು ಇನ್ನೊಂದು ಸಾಲಿಗೆ ಹೋಗುತ್ತದೆ, ಕಾಯುವುದು ಜಾಸ್ತಿ. ಆದ್ದರಿಂದ ಬೀದರ್‌ನಲ್ಲಿ ಮುಹೂರ್ತ ನೋಡುವ ಮುಂಚೆ ಅಪ್ಪನ ಕಾಗದ ಎಲ್ಲಿಗೆ ಬಂದಿದೆ ಎಂದು ನೋಡಿ. ಮುಚ್ಚಿಟ್ಟು ಹೋದರೆ, ಮುಂದೆ ಹೆಂಡತಿಗೆ ಅರ್ಜಿ ಹಾಕುವಾಗ ಮದುವೆಯ ದಿನಾಂಕ ಬರೆಯಲೇಬೇಕಲ್ವಾ? ಅಲ್ಲೇ ಎಲ್ಲ ಹೊರಬರುತ್ತದೆ. ಬ್ರಿಟನ್‌ನಲ್ಲಿ ಮೋಸ ಎಂದು ತೀರ್ಮಾನವಾದರೆ ಹತ್ತು ವರ್ಷ ವೀಸಾ ಸಿಗುವುದಿಲ್ಲ.

ಸ್ಟೂಡೆಂಟ್ ವೀಸಾಗೆ ಮದುವೆ ಅಡ್ಡ ಬರುತ್ತದೆ ಅನ್ನೋ ನಂಬಿಕೆಯೂ ಬಲವಾಗಿದೆ. ಮದುವೆಯಾಗಿದೆ ಅನ್ನೋದೊಂದೇ ನಿರಾಕರಣೆಗೆ ಕಾರಣವಲ್ಲ. ಊರಲ್ಲಿ ಹೆಂಡತಿ ಇರುವುದು ನೀವು ವಾಪಸ್ ಬರುತ್ತೀರಿ ಅನ್ನೋದಕ್ಕೆ ಒಂದು ನಂಟಾಗಿಯೂ ಕಾಣುತ್ತದೆ. ಇಲ್ಲಿಗೆ ಬಂದ ಮೇಲೆ ಯಾರ ಜೊತೆಗಾದರೂ ಸಂಬಂಧದಲ್ಲಿ ಒಂದೇ ಮನೆಯಲ್ಲಿ ಬಿಡದೆ ಒಂದು ವರ್ಷ ಇದ್ದರೆ, ಕೆನಡಾದ ಅರ್ಜಿಗಳಲ್ಲಿ ಅದಕ್ಕೂ ಕಾಮನ್ ಲಾ ಎಂದು ಬೇರೆ ಖಾನೆ ಇದೆ. ಆಮೇಲೆ ಸಿಂಗಲ್ ಎಂದು ಬರೆಯುವಂತಿಲ್ಲ.

ಕಾಗದಗಳ ವಿಷಯ. ಹಳೆಯ ಮದುವೆಯನ್ನೂ ಈಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬಹುದು. ಲಗ್ನಪತ್ರಿಕೆ, ಮದುವೆಯ ಫೋಟೋ, ಸಾಕ್ಷಿದಾರರು ಬೇಕು. ಹಿಂದೂ ವಿವಾಹಕ್ಕೆ 2024ರಿಂದ ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಆನ್‌ಲೈನ್ ದಾರಿಯೂ ಇದೆ. ಪ್ರಮಾಣಪತ್ರದಲ್ಲಿ ಎರಡು ದಿನಾಂಕ ಇರುತ್ತವೆ, ಲಗ್ನದ್ದು ಮತ್ತು ನೋಂದಣಿಯದ್ದು. ವೀಸಾ ಅರ್ಜಿಯಲ್ಲಿ ಲಗ್ನದ ದಿನಾಂಕವನ್ನೇ ಬರೆಯಿರಿ. ನಿಕಾಹ್‌ನಾಮಾ ಉರ್ದುವಿನಲ್ಲಿ, ಸೋಲಾಪುರದ ಪ್ರಮಾಣಪತ್ರ ಮರಾಠಿಯಲ್ಲಿ, ನಾರಾಯಣಪೇಟೆಯದ್ದು ತೆಲುಗಿನಲ್ಲಿ ಇದ್ದರೆ ಅಧಿಕೃತ ಇಂಗ್ಲಿಷ್ ಅನುವಾದ ಜೊತೆಗಿರಲಿ.

ಹೆಸರಿನ ತೊಡಕು ನಮ್ಮ ಕಡೆ ವಿಶೇಷ. ಲಗ್ನದಲ್ಲಿ ಗಂಡನ ಮನೆಯವರು ಸೊಸೆಗೆ ಹೊಸ ಹೆಸರಿಡುತ್ತಾರೆ. ಮಾರ್ಕ್ಸ್ ಕಾರ್ಡಿನಲ್ಲಿ ತವರಿನ ಹೆಸರು, ರೇಷನ್ ಕಾರ್ಡಿನಲ್ಲಿ ಹೊಸ ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಹಿಂದೆ ಬಳಸಿದ ಬೇರೆ ಹೆಸರು ಎಂದು ಕೇಳುವ ಜಾಗದಲ್ಲಿ ಎಲ್ಲವನ್ನೂ ಬರೆಯಿರಿ. ಗುಲ್ಬರ್ಗಾ 2014ರ ನವೆಂಬರ್‌ನಲ್ಲಿ ಕಲಬುರಗಿ ಆಯಿತು. ಹಾಗಾಗಿ ಗಂಡನ ಕಾಗದದಲ್ಲಿ ಒಂದು, ಹೆಂಡತಿಯ ಕಾಗದದಲ್ಲಿ ಇನ್ನೊಂದು ಇದ್ದರೆ ಒಂದು ಸಾಲಿನ ವಿವರಣೆ ಸಾಕು.

ಗಲ್ಫ್‌ಗೆ ಹೋಗುವವರು ಮದುವೆ ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರದ ಮತ್ತು ವಿದೇಶಾಂಗ ಇಲಾಖೆಯ ಮುದ್ರೆ ಹಾಕಿಸಿಕೊಂಡೇ ಹೊರಡಿ. ಸೌದಿಗೆ 2022ರ ಡಿಸೆಂಬರ್‌ನಿಂದ ಅಪೊಸ್ಟಿಲ್, ಅಂದರೆ ವಿದೇಶಾಂಗ ಇಲಾಖೆ ಹಾಕುವ ಅಂತರರಾಷ್ಟ್ರೀಯ ದೃಢೀಕರಣ ಮುದ್ರೆ, ನಡೆಯುತ್ತದೆ, ಯುಎಇಗೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಫ್ಯಾಮಿಲಿ ವೀಸಾ ಹೊತ್ತಿಗೆ ಅಲ್ಲಿಂದ ಊರಿಗೆ ಫೋನ್ ಮಾಡಿ ಮುದ್ರೆ ಹಾಕಿಸುವುದು ತುಂಬಾ ತಾಪತ್ರಯ.

ಅರ್ಜಿ ಈಗಾಗಲೇ ತಪ್ಪಾಗಿ ಹೋಗಿದ್ದರೆ, ಅಥವಾ ಹಾಕಿದ ಮೇಲೆ ಲಗ್ನ ಆಗಿದ್ದರೆ, ಅವರು ಕೇಳುವ ಮುಂಚೆ ನೀವೇ ಹೇಳಿ. ಕೆನಡಾಕ್ಕೆ ವಲಸೆ ಇಲಾಖೆಯ ವೆಬ್‌ಫಾರ್ಮ್‌ನಲ್ಲಿ ವಿವರಣೆ ಪತ್ರ ಕಳಿಸಬಹುದು. ಆಸ್ಟ್ರೇಲಿಯಾಕ್ಕೆ ತಪ್ಪು ಉತ್ತರ ಸರಿಪಡಿಸಲು 1023, ಬದಲಾದ ಸ್ಥಿತಿ ತಿಳಿಸಲು 1022 ಎಂಬ ಫಾರ್ಮ್‌ಗಳಿವೆ. ಅಮೆರಿಕಕ್ಕಾದರೆ ಸಂದರ್ಶನದ ಮುಂಚೆ ವೀಸಾ ಅರ್ಜಿಯ ಫಾರ್ಮ್ ಆದ ಡಿಎಸ್-160 ಅನ್ನು ಹೊಸದಾಗಿ ತುಂಬಿ, ಕಿಟಕಿಯಲ್ಲಿ ಅಧಿಕಾರಿಗೆ ಬಾಯಿಬಿಟ್ಟು ಹೇಳಿ. ಪತ್ರ ಉದ್ದ ಬೇಡ. ಏನು ಬರೆದಿದ್ದಿರಿ, ನಿಜ ಏನು, ಲಗ್ನದ ದಿನಾಂಕ, ಹೆಂಡತಿಯ ಪೂರ್ತಿ ಹೆಸರು, ಇಷ್ಟಿರಲಿ. ಪಿಆರ್ ಆಗಿ ಬಂದ ಮೇಲೆ ತಪ್ಪು ಗೊತ್ತಾಗಿದ್ದರೆ ಮಾತ್ರ ನೀವೇ ಪತ್ರ ಬರೆಯಲು ಹೋಗಬೇಡಿ. ಮೊದಲು ಇಲ್ಲಿನ ವಲಸೆ ವಕೀಲರನ್ನು ಅಥವಾ ಪರವಾನಗಿ ಇರುವ ಸಲಹೆಗಾರರನ್ನು ಕಾಣಿ. ಸಲಹೆಗಾರರ ಹೆಸರು ಅವರಿಗೆ ಪರವಾನಗಿ ಕೊಡುವ ಸಂಸ್ಥೆಯ (ಅದನ್ನು ಇಲ್ಲಿ ಕಾಲೇಜ್ ಅನ್ನುತ್ತಾರೆ) ಸಾರ್ವಜನಿಕ ಪಟ್ಟಿಯಲ್ಲಿದೆಯೇ ಎಂದು ನೋಡಿಯೇ ಹಣ ಕೊಡಿ.