ಒಡವೆ ಅಂಗಡಿಗೆ ಹೊರಡುವ ಮುನ್ನ ಹಳೇ ರೇಷ್ಮೆಯ ಚೂರೊಂದನ್ನು ಚೀಲಕ್ಕೆ ಹಾಕಿಕೊಳ್ಳಿ

ಕಾಲು ಕೆಜಿ ಟೊಮೆಟೊ ಕೊಳ್ಳುವಾಗ ಒಂದೊಂದನ್ನೂ ತಿರುಗಿಸಿ, ಅದುಮಿ ನೋಡುವ ಹೆಣ್ಣುಮಕ್ಕಳು ಐದು ಲಕ್ಷದ ಹಾರವನ್ನು ಕನ್ನಡಿ ಮುಂದೆ ಒಂದು ಸಲ ಕೊರಳಿಗೆ ಹಿಡಿದು, ಫೋಟೋ ತೆಗೆದು ತಂಗಿಗೆ ಕಳಿಸಿ, "ಸೂಪರ್ ಕಣೇ" ಅಂತ ಉತ್ತರ ಬಂದ ಕೂಡಲೇ ಕಾರ್ಡು ಉಜ್ಜಿಬಿಡುತ್ತಾರೆ. ತೂಕ ಎಷ್ಟಮ್ಮ ಎಂದರೆ ಹೇಳುತ್ತಾರೆ. ಕಲ್ಲು ಕಳೆದು ಚಿನ್ನ ಎಷ್ಟು ಎಂದರೆ ಬಾಯಿಗೆ ಬೀಗ. ಮಜೂರಿ ಎಷ್ಟು ಹಾಕಿದ್ದಾರೆ ಎಂದರೆ "ಆಫರ್ ಇತ್ತು ಆಂಟಿ" ಅನ್ನುತ್ತಾರೆ. ಇದನ್ನು ನೋಡಿ ನೋಡಿ ತಲೆ ಕೆಟ್ಟಿದ್ದಕ್ಕೇ ಇಷ್ಟು ಬರೆಯಲು ಕೂತಿದ್ದು.

ಯಾವ ಒಡವೆಗೇ ಆಗಲಿ, ನೀವು ಕೊಡುವ ದುಡ್ಡಿನಲ್ಲಿ ಎರಡು ಪಾಲು. ಒಂದು ಒಡವೆಯೊಳಗೇ ಉಳಿಯುವ ದುಡ್ಡು. ಇನ್ನೊಂದು ನೀವು ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ಹೋಗಿಬಿಡುವ ದುಡ್ಡು. ಹೋಗುವ ಪಾಲು ಎಷ್ಟು ಎಂದು ತಿಳಿಯದೆ ಒಡವೆ ಕೊಳ್ಳಬೇಡಿ. ಲೆಕ್ಕ ಮಾಡುವುದು ಕಷ್ಟವೇನಲ್ಲ, ಬಿಲ್ ಮಾಡುವ ಮೊದಲು "ಎಸ್ಟಿಮೇಟ್ ಬರೆದುಕೊಡಿ" ಅಂತ ಕೇಳಿ. ಆಮೇಲೆ ಇನ್ನೊಂದು ಪ್ರಶ್ನೆ: "ಇದನ್ನೇ ಇವತ್ತೇ ನಿಮಗೆ ವಾಪಸ್ ಮಾರಿದರೆ ಕೈಗೆ ಎಷ್ಟು ಕೊಡ್ತೀರಿ?" ಸಂಕೋಚ ಯಾಕೆ? ದುಡ್ಡು ನಿಮ್ಮದು ತಾನೇ.

ಒಂದು ಕಲ್ಲಿನ ಹಾರವನ್ನೇ ತೆಗೆದುಕೊಳ್ಳಿ. ಲೆಕ್ಕ ಸುಲಭವಾಗಲಿ ಎಂದು 22 ಕ್ಯಾರೆಟ್‌ಗೆ ಗ್ರಾಂಗೆ 10,000 ಅಂತ ಇಟ್ಟುಕೊಳ್ಳೋಣ. ನೀವು ಅವತ್ತಿನ ದರ ಹಾಕಿಕೊಳ್ಳಿ. ಒಟ್ಟು ತೂಕ 50 ಗ್ರಾಂ, ಅದರಲ್ಲಿ ಕಲ್ಲು 8 ಗ್ರಾಂ, ನಿವ್ವಳ ಚಿನ್ನ 42 ಗ್ರಾಂ. ಚಿನ್ನದ ಬೆಲೆ 4,20,000. ವೇಸ್ಟೇಜು, ಮಜೂರಿ ಸೇರಿ ನೂರಕ್ಕೆ 18 ಎಂದರೆ 75,600. ಕಲ್ಲಿಗೆ 25,000. ಎಲ್ಲದರ ಮೇಲೆ ನೂರಕ್ಕೆ 3 ಜಿಎಸ್‌ಟಿ, 15,618. ಒಟ್ಟು 5,36,218. ಅದೇ ಹಾರವನ್ನು ತಿರುಗಿ ಮಾರಿದರೆ ಕಲ್ಲಿಗೆ ಸೊನ್ನೆ, ಮಜೂರಿಗೆ ಸೊನ್ನೆ, ತೆರಿಗೆಯೂ ವಾಪಸಿಲ್ಲ. ಚಿನ್ನದಲ್ಲೇ ನೂರಕ್ಕೆ ಎರಡು ಕಳೆದರೂ ಕೈಗೆ ಬರುವುದು 4,11,600. ಹೋಗಿದ್ದು 1,24,618. ಚಿನ್ನದ ದರ ನೂರಕ್ಕೆ 30ರಷ್ಟು ಏರಿದ ಮೇಲೆ ನಿಮ್ಮ ದುಡ್ಡು ನಿಮಗೆ ಮುಟ್ಟುತ್ತದೆ. ಇದನ್ನು "ಇನ್ವೆಸ್ಟ್‌ಮೆಂಟ್" ಅನ್ನುವವರ ಬಾಯಿಗೆ ಏನು ಹೇಳಲಿ.

ಅದೇ 42 ಗ್ರಾಂ ಚಿನ್ನದಲ್ಲಿ ಕಲ್ಲಿಲ್ಲದ ಒಂದು ಜೊತೆ ಬಳೆ, ಮಜೂರಿ ನೂರಕ್ಕೆ 6 ಎನ್ನಿ. ಆಗ ತೆರಿಗೆ ಸೇರಿ 4,58,556 ಆಗುತ್ತದೆ, ಹೋಗುವ ಪಾಲು 46,956 ಮಾತ್ರ. ಇದನ್ನು ಎಷ್ಟು ಸಲ ತೊಡುತ್ತೀರಿ ಎನ್ನುವುದರಿಂದ ಭಾಗಿಸಿ. ಬಳೆ ದಿನಾ ಕೈಯಲ್ಲಿದ್ದರೆ ಹತ್ತು ವರ್ಷಕ್ಕೆ ದಿನಕ್ಕೆ ಹದಿಮೂರು ರೂಪಾಯಿ ಬಿತ್ತು. ಹಾರವನ್ನು ವರ್ಷಕ್ಕೆ ಮೂರು ಮದುವೆಗೆ ತೊಟ್ಟರೂ ಹತ್ತು ವರ್ಷಕ್ಕೆ ಮೂವತ್ತು ಸಲ. ಒಂದೊಂದು ಸಲಕ್ಕೂ ನಾಲ್ಕು ಸಾವಿರ ದಾಟುತ್ತದೆ, ಲಾಕರ್ ಬಾಡಿಗೆ ಬೇರೆ. ಅಷ್ಟು ಆಸೆಯಿದ್ದು, ಅಷ್ಟು ಕೈಯಲ್ಲೂ ಇದ್ದರೆ ಧಾರಾಳವಾಗಿ ಕೊಳ್ಳಿ, ನಾನೇನು ಬೇಡ ಅನ್ನುವುದಿಲ್ಲ. ಗೊತ್ತಿದ್ದು ಕೊಳ್ಳಿ ಅಷ್ಟೆ. ಒಂದೇ ಒಂದು ರಿಸೆಪ್ಷನ್ನಿಗಾದರೆ ಒನ್ ಗ್ರಾಂ ಗೋಲ್ಡೋ ಬಾಡಿಗೆ ಸೆಟ್ಟೋ ತಂದರೆ ಯಾರೂ ಕೊರಳಿಗೆ ಕೈ ಹಾಕಿ ತೂಕ ನೋಡುವುದಿಲ್ಲ.

ಕಲ್ಲಿನ ತೂಕ ಬಿಲ್ಲಿನಲ್ಲಿ ಬೇರೆಯೇ ಇರಬೇಕು. ಆ 8 ಗ್ರಾಂ ಗಾಜನ್ನೋ ಕೆಂಪು ಕಲ್ಲನ್ನೋ ಚಿನ್ನದ ದರಕ್ಕೆ ತೂಗಿ, ಅದಕ್ಕೂ ಮಜೂರಿ, ಅದಕ್ಕೂ ತೆರಿಗೆ ಹಾಕಿದರೆ ಹೆಚ್ಚುಕಡಿಮೆ ಒಂದು ಲಕ್ಷ ಕಲ್ಲಿಗೇ ಹೋಯಿತು. ಕಲ್ಲಿನ ತೂಕವನ್ನು ಕ್ಯಾರೆಟ್‌ನಲ್ಲಿ ಬರೆದಿದ್ದರೆ ಐದು ಕ್ಯಾರೆಟ್ ಒಂದು ಗ್ರಾಂ ಎಂದು ಕಳೆಯಿರಿ. ಚಿನ್ನದ ಕ್ಯಾರೆಟ್ ಬೇರೆ, ಅದು ಶುದ್ಧತೆ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಮುತ್ತು, ಹವಳ, ಕರಿಮಣಿ, ದಾರ, ಅರಗು ಎಲ್ಲವೂ ಕಳೆಯುವ ಲೆಕ್ಕವೇ.

ಅರಗು ಅಂದೆನಲ್ಲ, ಅದನ್ನು ಯಾರೂ ಕೇಳುವುದೇ ಇಲ್ಲ. ತೆಳು ಚಿನ್ನದ ತಗಡಿನೊಳಗೆ ಅರಗು ತುಂಬಿದ ಒಡವೆ ನಮ್ಮಲ್ಲಿ ಹಳೆಯ ಪದ್ಧತಿಯೇ. ಕೊಡಗಿನ ಜೋಮಾಲೆ ಎಂಬ ಸರದ ಗುಂಡುಗಳು ಹಾಗೇ ಇರುತ್ತವೆ, ನೋಡಲು ದಪ್ಪ, ಚಿನ್ನ ಕಡಿಮೆ, ಅದರಲ್ಲಿ ಮೋಸವಿಲ್ಲ. ಅರಗನ್ನು ಚಿನ್ನ ಎಂದು ತೂಗಿದರೆ ಮೋಸ. ಇಂಥ ಒಡವೆಯನ್ನು ಬಿಸಿನೀರಿಗೆ ಹಾಕಿದರೆ ಅರಗು ಮೆದುವಾಗಿ ಸಂದಿಯಿಂದ ಹೊರಬರುತ್ತದೆ. ಮುರಿದರೆ ಬೆಸುಗೆ ಹಾಕುವ ಮೊದಲು ಅರಗೆಲ್ಲ ತೆಗೆಯಬೇಕು, ರಿಪೇರಿ ದುಬಾರಿ. ದಿನಬಳಕೆಗಂತೂ ಬೇಡವೇ ಬೇಡ.

ಹಾಲ್‌ಮಾರ್ಕ್ ಎಲ್ಲರಿಗೂ ಗೊತ್ತು ಎನ್ನುತ್ತಾರೆ, ನೋಡುವವರು ಕಡಿಮೆ. ಮೂರು ಗುರುತು ಇರಬೇಕು: ಸರ್ಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್‌ನ ತ್ರಿಕೋನ, 22ಕೆ916 ಎಂಬ ಶುದ್ಧತೆ, ಒಂದೊಂದು ಒಡವೆಗೂ ಬೇರೆಯೇ ಆದ, ಅಕ್ಷರ ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಈ ಆರಂಕಿಯ ಗುರುತಿಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಮಸೂರ ಕೇಳಿ ಓದಿ, ಫೋನಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ. ಶುದ್ಧತೆ ಹೊಂದಿದರೆ ಸಾಲದು, ಅದು ಯಾವ ಒಡವೆ ಎಂದು ಬರೆದಿದೆ ನೋಡಿ. ಕೈಯಲ್ಲಿರುವುದು ಹಾರ, ಆ್ಯಪ್‌ನಲ್ಲಿ ಉಂಗುರ ಎಂದು ಬಂದರೆ ಎದ್ದು ಬನ್ನಿ. ಎರಡು ಗ್ರಾಂಗಿಂತ ಕಡಿಮೆ ತೂಕದವಕ್ಕೆ, ಕುಂದನ್, ಪೋಲ್ಕಿ, ಜಡಾವು ಎಂಬ ಕಲ್ಲು ಕೂರಿಸಿದ ಕೆಲಸಕ್ಕೆ ಕಡ್ಡಾಯದಿಂದ ವಿನಾಯಿತಿ ಇದೆ, ಹಾಗಾಗಿ ಅಲ್ಲಿ ಇನ್ನೂ ಹುಷಾರು. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ ಕೊರತೆಯ ಎರಡರಷ್ಟು ಪರಿಹಾರ ಕೇಳುವ ಹಕ್ಕಿದೆ. "ಕೆಡಿಎಂ ಚಿನ್ನ ಮೇಡಂ" ಎಂದು ಇನ್ನೂ ಯಾರಾದರೂ ಹೇಳಿದರೆ ಕೇಳಿಸಿಕೊಳ್ಳಬೇಡಿ, ಅದು ಕ್ಯಾಡ್ಮಿಯಂ ಬೆಸುಗೆಯ ಹೆಸರು, ಶುದ್ಧತೆಯ ಮುದ್ರೆಯಲ್ಲ.

ಆದರೆ ಹಾಲ್‌ಮಾರ್ಕ್ ಹೇಳುವುದು ಲೋಹದ ಮಾತು. ಕೆಲಸ ಚೊಕ್ಕವಾಗಿದೆಯೇ, ಕಲ್ಲು ಭದ್ರವಾಗಿದೆಯೇ ಅದು ಹೇಳುವುದಿಲ್ಲ. ನೂರಕ್ಕೆ ಹದಿನೆಂಟು ಮಜೂರಿ ಕೊಡುವುದು ಆ ಕೆಲಸಕ್ಕೆ ತಾನೇ? ಅಲ್ಲಿಗೆ ಬೇಕು ರೇಷ್ಮೆಯ ಚೂರು.

ಹರಿದ ಹಳೇ ರೇಷ್ಮೆ ಸೀರೆಯ ಒಡಲಿನಿಂದ ಅಂಗೈಯಗಲದ ಚೂರು, ಗೇಣುದ್ದ ಇದ್ದರೆ ಸಾಕು. ಜರಿ ಇರಬಾರದು, ಅಂಚು ಹೊಲಿದಿರಬಾರದು, ತೊಳೆದು ತೊಳೆದು ಮೆತ್ತಗಾಗಿರಬೇಕು. ಹೊಸ ರೇಷ್ಮೆಯ ಗಂಜಿ ಜಾರುತ್ತದೆ, ಏನನ್ನೂ ಹಿಡಿಯುವುದಿಲ್ಲ. (ಸೀರೆ ಮಾತು ಬಂತು, ಹೇಳಿಬಿಡುತ್ತೇನೆ: ಜರಿ ಸೀರೆಯನ್ನು ಹ್ಯಾಂಗರಿಗೆ ನೇತುಹಾಕಿ ವರ್ಷಗಟ್ಟಲೆ ಬಿಡಬೇಡಿ, ಮಡಿಕೆಯಲ್ಲೇ ಸೀಳುತ್ತದೆ. ಹಳೇ ಪಂಚೆಯಲ್ಲಿ ಸುತ್ತಿಡಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ನುಸಿಗುಳಿಗೆ ಜರಿಗೆ ತಾಗದಿರಲಿ.) ಅಂಗಡಿಗೆ ಹೋಗುವ ದಿನ ಕೈಗೆ ಕ್ರೀಮು ಬೇಡ.

ಮೊದಲು ಹಾರವನ್ನು ಎರಡೂ ತುದಿ ಹಿಡಿದು ಎತ್ತಿ. ಪದಕ ತಾನಾಗಿ ಎದುರು ಮುಖ ಮಾಡಿ ನಿಲ್ಲಬೇಕು, ಎಸಳುಗಳು ಒಂದರ ಮೇಲೊಂದು ತಿರುಚಿಕೊಂಡರೆ ಕೊರಳಲ್ಲೂ ಹಾಗೇ. ಆಮೇಲೆ ತಟ್ಟೆಯಲ್ಲಿ ಮಕಾಡೆ ಮಲಗಿಸಿ. ರೇಷ್ಮೆಯನ್ನು ತೋರುಬೆರಳಿಗೆ ಸುತ್ತಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಎಳೆಯಿರಿ, ಒತ್ತಬೇಡಿ, ಬಟ್ಟೆಯ ಭಾರವಷ್ಟೇ ಬೀಳಬೇಕು. ಮುಗಿದ ಮೇಲೆ ಅದೇ ದಾರಿಯಲ್ಲಿ ಹಿಂದಕ್ಕೆ. ಎರಡೂ ಕಡೆ ಯಾಕೆಂದರೆ ಕಲ್ಲು ಹಿಡಿದ ಮುಳ್ಳು ಒಂದು ಬದಿಗೆ ಬಾಗಿದ್ದರೆ ಆ ದಿಕ್ಕಿನಲ್ಲಿ ಜಾರಿಬಿಡುತ್ತದೆ, ಎದುರು ದಿಕ್ಕಿನಲ್ಲಿ ಮಾತ್ರ ಸಿಕ್ಕುತ್ತದೆ. ಒಮ್ಮೆ ಮಾತ್ರ ಎಳೆದು "ಸರಿಯಿದೆ" ಎನ್ನುವ ಅವಸರದವರಿಗೆ ಅರ್ಧ ತಪ್ಪೂ ಕಾಣುವುದಿಲ್ಲ. ಹಿಂಭಾಗ ಆದ ಮೇಲೆ ಮುಂಭಾಗ, ಕಡೆಗೆ ಕೊಂಡಿ, ಕೊಂಡಿಯ ಪಕ್ಕದ ಉಂಗುರ. ರೇಷ್ಮೆಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಬೆಸುಗೆ ಒರಟಾಗಿದೆ ಇಲ್ಲವೇ ಮುಳ್ಳು ಎದ್ದಿದೆ. ಎದ್ದ ಮುಳ್ಳು ಇವತ್ತು ಸೆರಗಿನ ಎಳೆ ಕೀಳುತ್ತದೆ, ಇನ್ನೂ ಸ್ವಲ್ಪ ಎದ್ದರೆ ಕಲ್ಲು ಉದುರುತ್ತದೆ. ಎಳೆ ಸಿಕ್ಕಿದ ಜಾಗ ಬೆರಳಿಟ್ಟು ತೋರಿಸಿ, ಒಳಗೆ ಕಳಿಸಿ ಸರಿಮಾಡಿಸಿ, ಮತ್ತೆ ರೇಷ್ಮೆ ಆಡಿಸಿ. ಸರಿಮಾಡುವಾಗ ಅರದಿಂದ ಉಜ್ಜಿದರೆ ಚಿನ್ನ ಸವೆಯುತ್ತದೆ, ಅದಕ್ಕೇ ತೂಕ ಮತ್ತೆ ಹಾಕಿಸಿ ಆಮೇಲೆ ಬಿಲ್.

ಕೊನೆಗೆ ಒಡವೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಸಡಿಲ ಕಲ್ಲು ಟಿಕ್ ಎನ್ನುತ್ತದೆ. ಅಂಗಡಿಯಲ್ಲಿ ಹಾಡು ಹಾಕಿದ್ದರೆ ನಿಲ್ಲಿಸಲು ಹೇಳಿ! ಹಿಂಬದಿ ಮುಚ್ಚಿದ ಕೆಂಪಿನ ಒಡವೆಯಲ್ಲಿ ಕಲ್ಲಿನ ಕೆಳಗೆ ಹೊಳೆಯುವ ಹಾಳೆ ಇಟ್ಟಿರುತ್ತಾರೆ. ನೀರು ಇಳಿದರೆ ಹಾಳೆ ಕಪ್ಪಾಗಿ ಕಲ್ಲು ಮಂಕಾಗುತ್ತದೆ. ತೊಳೆಯಲು ಅಂಟುವಾಳದ ನೀರು ಬರೀ ಚಿನ್ನಕ್ಕೆ ಸರಿ, ಇದಕ್ಕಲ್ಲ, ಮುತ್ತಿಗಂತೂ ಅಲ್ಲ.

ಓಲೆಯ ತಿರುಪು ಪೂರ್ತಿ ನಾಲ್ಕೈದು ಸುತ್ತು ಹೋಗಬೇಕು, ಎರಡು ಸುತ್ತಿಗೆ ನಿಂತರೆ ಜಾರಿ ಬೀಳುವ ತಿರುಪು. ಜುಮಕಿ ಕಿವಿಗಿಟ್ಟು ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಕೂರಿ. ಕಿವಿ ಜೋತರೆ ಭಾರ ಹೊರಲು ಕೂದಲಿಗೆ ಸಿಕ್ಕಿಸುವ ಮಾಟಿ ಬೇಕಾಗುತ್ತದೆ, ಅದರ ಚಿನ್ನವನ್ನೂ ಲೆಕ್ಕಕ್ಕೆ ಸೇರಿಸಿ. ಪೊಳ್ಳು ಸರ ನೆಗ್ಗಿದರೆ ನೆಗ್ಗಿದ್ದೇ, ಎತ್ತಲಾಗುವುದಿಲ್ಲ.

ವಜ್ರದ ಮಾತು ಚುಟುಕು. ವಜ್ರ ಕೂರಿಸಲು ಸಾಮಾನ್ಯವಾಗಿ 18 ಕ್ಯಾರೆಟ್ ಬಳಸುತ್ತಾರೆ, 22 ಮೆತ್ತಗೆ, ಮುಳ್ಳು ಬಾಗುತ್ತದೆ. ಹಾಗಿದ್ದಮೇಲೆ ದರವೂ 18ರದ್ದೇ ಇರಬೇಕು, ಮುದ್ರೆ 750. ಸರ್ಟಿಫಿಕೇಟಿನ ನಂಬರು ಕಲ್ಲಿನ ಸೊಂಟದ ಅಂಚಿನಲ್ಲಿ ಲೇಸರಿನಿಂದ ಕೊರೆದಿದ್ದರೆ ಹತ್ತು ಪಟ್ಟಿನ ಮಸೂರದಲ್ಲಿ ಹೊಂದಿಸಿ ನೋಡಿ. ಪೆನ್ನಿನಂಥ ಯಂತ್ರ ಮುಟ್ಟಿಸಿ ಪೀಂ ಎನಿಸಿ "ಅಸಲಿ" ಎಂದರೆ ನಂಬಬೇಡಿ, ಲ್ಯಾಬಿನಲ್ಲಿ ಬೆಳೆಸಿದ್ದಕ್ಕೂ ಅದು ಹಾಗೇ ಕೂಗುತ್ತದೆ, ಬೆಲೆ ಮಾತ್ರ ಅಜಗಜಾಂತರ. ಚಿನ್ನದ ಸಾಲಕ್ಕೆ ಬ್ಯಾಂಕಿಗೆ ಇಟ್ಟರೆ ಕಲ್ಲು ಕಳೆದು ಚಿನ್ನವನ್ನಷ್ಟೇ ತೂಗುತ್ತಾರೆ. ಕಷ್ಟಕಾಲಕ್ಕೆ ಆಗಲಿ ಎಂದು ವಜ್ರ ಕೊಳ್ಳುವವರು ಇದನ್ನು ತಿಳಿದಿರಲಿ.

ಇನ್ನು ಅಜ್ಜಿಯ ಅವಲಕ್ಕಿ ಸರ, ಅಡ್ಡಿಕೆ ಕೊಟ್ಟು ಹೊಸ ಡಿಸೈನ್ ತರುವ ಚಾಳಿ. ಆಗೆಲ್ಲ ಮದುವೆ ಗೊತ್ತಾಗುತ್ತಲೇ ಅಕ್ಕಸಾಲಿಗರು ಜಗಲಿಗೆ ಬಂದು ಕೂರುತ್ತಿದ್ದರು. ಕಣ್ಣೆದುರೇ ಕರಗಿಸಿ, ಗುಲಗಂಜಿಯಲ್ಲಿ ತೂಗಿ, ಅರದ ಪುಡಿಯನ್ನೂ ಗುಡಿಸಿ ಮನೆಯವರಿಗೇ ಕೊಡಬೇಕಿತ್ತು, ಮನೆಯ ಹಿರಿಯರೊಬ್ಬರು ಅಲ್ಲಿಂದ ಏಳುತ್ತಲೇ ಇರಲಿಲ್ಲ. ಅಂಥ ಕೈಕೆಲಸವನ್ನು ಮೂಸೆಗೆ ಹಾಕಿ ಯಂತ್ರದಚ್ಚಿನ ಹಾರಕ್ಕೆ ಮತ್ತೊಮ್ಮೆ ಮಜೂರಿ ಕೊಡುವುದು ಯಾವ ಜಾಣತನ? ಮುರಿಸಲೇಬೇಕಾದರೆ ಮೊದಲು ಶುದ್ಧತೆ ಪರೀಕ್ಷೆ ಮಾಡಿಸಿ. 1963ರ ಚಿನ್ನ ನಿಯಂತ್ರಣದ ನಿಯಮ ಬಂದಾಗ ಕೆಲ ಕಾಲ 14 ಕ್ಯಾರೆಟ್‌ಗಿಂತ ಹೆಚ್ಚಿನ ಒಡವೆ ಹೊಸದಾಗಿ ಮಾಡುವಂತಿರಲಿಲ್ಲ, ಹಾಗಾಗಿ ಹಳೆಯದೆಲ್ಲ ಅಪರಂಜಿ ಎಂಬ ನಂಬಿಕೆ ಬೇಡ. ಕರಗಿಸದೆ ಶುದ್ಧತೆ ತೋರಿಸುವ ಯಂತ್ರ ಹೊರಪದರ ಮಾತ್ರ ಓದುತ್ತದೆ; ಕರಗಿಸಿದ ಮೇಲಿನ ತೂಕ, ಶುದ್ಧತೆ ಎರಡನ್ನೂ ಎದುರಿಗೇ ನಿಂತು ಬರೆಸಿಕೊಳ್ಳಿ.

ಅಕ್ಷಯ ತೃತೀಯದ ದಿನ ಹೋಗಬೇಡಿ. ಆ ನೂಕುನುಗ್ಗಲಲ್ಲಿ ರೇಷ್ಮೆ ಆಡಿಸಲು ಯಾರು ಬಿಡುತ್ತಾರೆ? ಶಾಸ್ತ್ರಕ್ಕೆ ಬೇಕಾದರೆ ಒಂದು ಚಿನ್ನದ ಗುಂಡು ತನ್ನಿ, ದೊಡ್ಡದನ್ನು ಬೇರೆ ದಿನ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹೋಗಿ ಹಗಲು ಬೆಳಕಿನಲ್ಲಿ ನೋಡಿ. "ಮಜೂರಿಯಲ್ಲಿ ಅರ್ಧ ರಿಯಾಯಿತಿ" ಎಂದಾಗ ಅರ್ಧ ಮಾಡುವ ಮೊದಲು ಎಷ್ಟಿತ್ತು ಎಂದು ಕೇಳಿ, ಅದೇ ತೂಕದ್ದಕ್ಕೆ ಇನ್ನೊಂದು ಅಂಗಡಿಯ ಎಸ್ಟಿಮೇಟಿನ ಪಕ್ಕ ಇಟ್ಟು ನೋಡಿ. ಚಿನ್ನದ ದರದಲ್ಲಿ ಚೌಕಾಸಿ ನಡೆಯುವುದಿಲ್ಲ, ಮಜೂರಿಯಲ್ಲಿ ನಡೆಯುತ್ತದೆ. ಹನ್ನೊಂದು ತಿಂಗಳ ಕಂತಿನ ಸ್ಕೀಮಿಗೆ ಸೇರುವವರು ಮಜೂರಿ ಮಾಫಿ ಯಾವ ಒಡವೆಗೆ, ನೂರಕ್ಕೆ ಎಷ್ಟರವರೆಗೆ ಎಂಬುದನ್ನು ಪುಸ್ತಕದಲ್ಲಿ ಓದಿ. ನಿಮಗೆ ಇಷ್ಟವಾದ ಹಾರ ಆ ಮಿತಿಯೊಳಗೆ ಇರುವುದಿಲ್ಲ, ಬರೆದಿಟ್ಟುಕೊಳ್ಳಿ.

ಬಿಲ್ಲಿಲ್ಲದೆ ಕೊಂಡರೆ ತೆರಿಗೆ ಉಳಿಯಿತು ಎನ್ನುವವರಿಗೆ ನಾಳೆ ಶುದ್ಧತೆ ಕೊರತೆಯಾದರೆ ಕೇಳಲು ಮುಖವಿರುವುದಿಲ್ಲ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಅಂಗಡಿಯವರು ತೆಗೆದುಕೊಳ್ಳುವಂತೆಯೇ ಇಲ್ಲ. ಬಿಲ್ಲಿನಲ್ಲಿ ಒಟ್ಟು ತೂಕ, ಕಲ್ಲಿನ ತೂಕ, ನಿವ್ವಳ ತೂಕ, ಶುದ್ಧತೆ, ಆ ದಿನದ ದರ, ಮಜೂರಿ, ವಾಪಸ್ ಕೊಂಡರೆ ಏನು ಕಳೆಯುತ್ತಾರೆ ಎಂಬ ಸಾಲು ಇವಿಷ್ಟೂ ಇವೆಯೇ ನೋಡಿ. ನುಣುಪು ಕಾಗದದ ಬಿಲ್ಲು ಒಂದೆರಡು ವರ್ಷಕ್ಕೆ ಮಾಸಿ ಬಿಳಿಯಾಗುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ. ಒಡವೆಯ ಎರಡೂ ಬದಿಯ ಫೋಟೋ, ಎಚ್‌ಯುಐಡಿ ನಂಬರು ಜೊತೆಗಿರಲಿ. ಇದನ್ನು ಒಡವೆಯ ಡಬ್ಬಿಯಲ್ಲೇ ತುರುಕಬೇಡಿ, ಡಬ್ಬಿ ಕಳೆದರೆ ಎರಡೂ ಹೋಗುತ್ತದೆ. ಮನೆ ಪತ್ರಗಳ ಜೊತೆ ಇಡಿ.